ಗಾದೆ ಹೇಳುವ ಮೊದಲು ಎದುರಿಗೆ ಯಾರು ನಿಂತಿದ್ದಾರೆ ನೋಡಿ

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಬರೆಯದೆ ಇದ್ದರೆ ಇವತ್ತೂ ನಿದ್ದೆ ಬರುವುದಿಲ್ಲ. ಉದ್ದವಾದರೆ ಸಹಿಸಿಕೊಳ್ಳಿ.

ಶಾಲೆಯ ಮಕ್ಕಳಿಗೆ ಕೊಡೆ, ಪುಸ್ತಕ ಕೊಡಿಸಲು ನಾವು ಕೆಲವು ಟೀಚರುಗಳು ಮನೆಮನೆಗೆ ಹೋಗುವುದು ನಿಮಗೆ ಗೊತ್ತು. ನಿನ್ನೆ ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗಿನ ಒಂದು ತೋಟದ ಮನೆಗೆ ಹೋಗಿದ್ದೆವು. ಮಳೆ ಒಂದು ಗಳಿಗೆ ಬಿಟ್ಟಿತ್ತು. ಅಡಿಕೆಗೆ ಮದ್ದು ಬಿಡುತ್ತಿದ್ದ ಆಳು ಮರದಿಂದ ಇಳಿದು ಅಂಗಳದ ಬದಿಯಲ್ಲಿ ನಿಂತು ಚಾ ಕುಡಿಯುತ್ತಿದ್ದ. ತಲೆಯ ಮುಟ್ಟಾಳೆಯಿಂದ ಮೊಣಕೈವರೆಗೆ ಮದ್ದಿಗೆ ಹಾಕುವ ಮೈಲುತುತ್ತಿನ (ತಾಮ್ರದ ಸಲ್ಫೇಟ್) ನೀಲಿ. ಹುಬ್ಬಿನ ಕೂದಲಿನಲ್ಲೂ ನೀಲಿ.

ಯಜಮಾನರು ಜಗಲಿಯಲ್ಲಿ ಕೂತಿದ್ದರು. ಮಹಾಳಿ, ಅಂದರೆ ಕೊಳೆರೋಗ, ಬಂದು ಉದುರಿದ ಎಳೆ ಅಡಿಕೆ ಒಂದು ಬುಟ್ಟಿಯಲ್ಲಿತ್ತು. ಅದನ್ನು ಕಾಲಿನಿಂದಲೇ ನಮ್ಮ ಕಡೆಗೆ ಸರಿಸಿ, 'ನೋಡಿ ಟೀಚರೇ, ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು. ಹಿರಿಯರು ಸುಮ್ನೆ ಹೇಳಿದ್ದಾ?' ಅಂದರು. ಗಟ್ಟಿಯಾಗಿಯೇ ಅಂದರು. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಚಾ ಕುಡಿಯುತ್ತಿದ್ದವನು ಹತ್ತು ಹೆಜ್ಜೆ ದೂರದಲ್ಲಿದ್ದ. ಅವನು ನಳ್ಳಿಯಲ್ಲಿ ಲೋಟ ತೊಳೆದು, ಕವುಚಿ ಹಾಕಿ, ಮರ ಹತ್ತಲು ಕಾಲಿಗೆ ಹಾಕುವ ತಳೆ (ಬಳೆಯಂಥ ಹಗ್ಗ) ಎತ್ತಿಕೊಂಡು ತೋಟಕ್ಕೆ ಇಳಿದ.

ನಾನು ಅಲ್ಲೇ ಕೇಳಿದೆ. 'ತಾನು ಮಾಡುವುದು ಉತ್ತಮ ಅಂತ ನೀವೇ ಹೇಳಿದಿರಿ. ನಾಳೆ ನೀವೇ ಹತ್ತಬಹುದಲ್ವಾ?' ಅವರು ಬೇಸರ ಮಾಡಿಕೊಳ್ಳಲಿಲ್ಲ. ಇನ್ನೊಂದು ಗಾದೆ ತೆಗೆದರು. 'ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಟೀಚರೇ.' ಅಲ್ಲಿಗೆ ಮಾತು ಮುಗಿಯಿತು.

ನನ್ನ ಸಿಟ್ಟು ಇರುವುದು ಇದೇ ಮಾತಿನ ಮೇಲೆ. ಗಾದೆ ಸುಳ್ಳಾಗದು ಅಂತ ಹೇಳಿದವರು ಯಾರು? ಗಾದೆ ಹೇಳಿದವನಿಗೆ ಆಮೇಲೆ ಉತ್ತರ ಕೊಡುವ ಜವಾಬ್ದಾರಿಯೇ ಇಲ್ಲವಾ? ಅಡಿಕೆ ಉದುರಿದ್ದು ಯಾಕೆ ಅಂತ ಲೆಕ್ಕ ಹಾಕಬೇಕಾದ ಜಾಗದಲ್ಲಿ ಒಂದು ಪ್ರಾಸದ ಮಾತು ಎಸೆದು, ನಕ್ಕು, ಎದ್ದು ಹೋಗಬಹುದಾ?

ಲೆಕ್ಕ ನಾನೇ ಹಾಕುತ್ತೇನೆ. ಮದ್ದು ಅಂದರೆ ಕೊಳೆರೋಗ ಬಾರದ ಹಾಗೆ ಬಿಡುವ ಬೋರ್ಡೋ ದ್ರಾವಣ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೊದಲ ಸಲ ಮಳೆ ಹಿಡಿಯುವ ಹೊತ್ತಿಗೆ ಬಿಡಬೇಕು. ಆಮೇಲೆ 40-45 ದಿನಕ್ಕೆ ಇನ್ನೊಂದು ಸಲ. ಕಲಸಿದ ದಿನವೇ ಮುಗಿಸಬೇಕು. ಸುಣ್ಣ ಸಾಕಾಯಿತಾ ಅಂತ ನೋಡಲು ಹೊಳೆಯುವ ಕತ್ತಿಯನ್ನು ಅದ್ದಿ ತೆಗೆಯುತ್ತಾರೆ. ಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ನಾನು ನೋಡಿದ ತೋಟಗಳಲ್ಲಿ ಆ ಕತ್ತಿ ಅದ್ದಿ ನೋಡುವವನು ಆಳು. ಕೆಂಪು ಹಿಡಿದದ್ದನ್ನು ಕಂಡು ಸುಣ್ಣ ತನ್ನಿ ಅನ್ನುವವನೂ ಅವನೇ. ಆಮೇಲೆ ಕಾಲಿಗೆ ತಳೆ ಹಾಕಿ, ಜಾರುವ ಒದ್ದೆ ಮರ ಹತ್ತಿ, ಒಂದೊಂದು ಕೊನೆಗೂ (ಅಡಿಕೆ ಗೊಂಚಲಿಗೂ) ಮದ್ದು ತಾಗಿಸಬೇಕು. ಪಳಗಿದವರು ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ತುದಿಯಲ್ಲೇ ಮರವನ್ನು ತೂಗಿ, ಪಕ್ಕದ ಮರಕ್ಕೆ ಕೈ ಚಾಚಿ, ಅಲ್ಲಿಂದಲೇ ದಾಟುತ್ತಾರೆ. ಕೆಳಗೆ ನಿಂತು ನೋಡುವವರಿಗೇ ಎದೆ ಝಲ್ ಅನ್ನುತ್ತದೆ.

ಎರಡನೇ ಮದ್ದು ಯಾವ ದಿನ ಅಂತ ತೀರ್ಮಾನ ಮಾಡುವವರು ಯಾರು? ಯಜಮಾನರು. ಆ ಮನೆಯಲ್ಲಿ ಅದು ತಡವಾಗಿತ್ತು. ಅವರ ಬಾಯಿಂದಲೇ ಕೇಳಿದ್ದು. ದಿನ ದಾಟಿದೆ, ಮೇಲಿಂದ ಹಿಡಿದ ಮಳೆ ಬಿಟ್ಟಿಲ್ಲ, ಅಂಥ ಹವೆಯಲ್ಲೇ ಕೊಳೆರೋಗ ಹೆಚ್ಚುವುದು. ಇದರಲ್ಲಿ ಮರ ಹತ್ತಿದವನು ಹಾಳು ಮಾಡಿದ್ದು ಯಾವುದನ್ನು? ಗಾದೆಯೇ ಬೇಕು ಅಂತಾದರೆ ಆ ಜಗಲಿಗೆ ಸರಿಯಾಗಿ ಒಪ್ಪುವ ಗಾದೆ ಬೇರೆ ಇದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆ ಮನೆಯ ಮಗ ಬೆಂಗಳೂರಿನಲ್ಲಿದ್ದಾನೆ. ಹುಡುಗ ಒಳ್ಳೆಯವನು, ನನ್ನ ಶಿಷ್ಯನೇ. ಯಜಮಾನರಿಗೆ ಮಂಡಿ ನೋವು. ಹಾಗಾಗಿ 'ತಾನು ಮಾಡುವುದು' ಅನ್ನುವುದೂ ಇಲ್ಲ, 'ಮಗ ಮಾಡುವುದು' ಅನ್ನುವುದೂ ಇಲ್ಲ. ಉಳಿದದ್ದು ಮೂರನೆಯವನು ಮಾತ್ರ. ನಮ್ಮ ಕಾಸರಗೋಡಿನ ಎಷ್ಟು ತೋಟಗಳ ಕಥೆ ಇದಲ್ಲ ಹೇಳಿ? ಕೊನೆಗಾರ (ಮರ ಹತ್ತಿ ಕೊನೆ ತೆಗೆಯುವವನು) ಸಿಗುತ್ತಿಲ್ಲ ಅಂತ ಕೆಳಗೇ ನಿಂತು ಕೆಲಸ ಮಾಡುವ ಉದ್ದನೆಯ ಫೈಬರ್ ದೋಟಿ ತರಿಸುತ್ತಾರೆ. ಜಾರ್ಖಂಡ್, ಅಸ್ಸಾಂನಿಂದ ಬಂದ ಹುಡುಗರಿಗೆ ಫೋನ್ ಮಾಡುತ್ತಾರೆ. ಬಂದವನ ಮುಂದೆಯೇ ಹಾಳು ಅನ್ನುತ್ತಾರೆ. ಅಸ್ಸಾಂನವನಿಗೆ ಕನ್ನಡ ಬಾರದು, ಅವನು ಬಚಾವಾದ. ನಿನ್ನೆ ಅಂಗಳದಲ್ಲಿ ನಿಂತವನು ಇಲ್ಲೇ ಎಣ್ಮಕಜೆ ಊರಿನವನು, ನಮ್ಮ ಹಾಗೆ ಕನ್ನಡ ಶಾಲೆಯಲ್ಲಿ ಓದಿದವನು. ಅವನಿಗೆ ಪ್ರತಿ ಅಕ್ಷರ ಅರ್ಥವಾಗಿದೆ.

ದಾರಿಯಲ್ಲಿ ಜೊತೆಗಿದ್ದ ಟೀಚರ್ ನನಗೆ ಬುದ್ಧಿ ಹೇಳಿದರು. 'ಅದು ಗಾದೆ ಅಷ್ಟೇ. ಸ್ವಂತ ಕೆಲಸದ ಮೇಲೆ ಶ್ರದ್ಧೆ ಬೇಕು ಅನ್ನುವುದು ಅದರ ಅರ್ಥ. ಆಳಿನ ಮೇಲೆ ದ್ವೇಷ ಏನಿಲ್ಲ.' ಈ ಮಾತು ಇಲ್ಲಿಯೂ ಯಾರಾದರೂ ಹೇಳುತ್ತೀರಿ, ಗೊತ್ತು. ನನಗೆ ಒಪ್ಪಿಗೆ ಇಲ್ಲ. ಸ್ವಂತ ಕೆಲಸದ ಬೆಲೆ ಹೇಳಲು 'ತಾನು ಮಾಡುವುದು ಉತ್ತಮ' ಅಂದರೆ ಸಾಕಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮೂರನೇ ತುಂಡು ಇರುವುದೇ ಒಬ್ಬನನ್ನು ಕೆಳಗೆ ಇಡಲು. ಅದನ್ನು ಕಟ್ಟಿದವನು ಭೂಮಿ ಇದ್ದವನು, ಆಳು ಇದ್ದವನು, ಮಗ ಇದ್ದವನು. ಆಳಿನ ಬಾಯಲ್ಲಿ ಹುಟ್ಟಿದ ಮಾತು ಅದು ಖಂಡಿತ ಅಲ್ಲ.

ಶಾಲೆಯಲ್ಲಿ ನಾನೇ ಗಾದೆ ವಿಸ್ತರಣೆ ಕಲಿಸುವವಳು. ಉತ್ತರ ಪತ್ರಿಕೆ ತಿದ್ದಲು ಕೂತರೆ ಒಂದೇ ವಾಕ್ಯ. 'ಗಾದೆಗಳು ವೇದಗಳಿಗೆ ಸಮಾನ. ಇವು ಹಿರಿಯರ ಅನುಭವದ ಮಾತುಗಳು.' ಮುಂದಿನ ಪತ್ರಿಕೆಯಲ್ಲೂ ಅದೇ. ಗೈಡಿನಲ್ಲಿ ಹಾಗೇ ಇದೆ, ಮಕ್ಕಳು ಹಾಗೇ ಬರೆಯುತ್ತಾರೆ, ಅಂಕವೂ ಬರುತ್ತದೆ. ಯಾರ ಹಿರಿಯರು ಅಂತ ಒಬ್ಬರೂ ಕೇಳುವುದಿಲ್ಲ. ನನ್ನ ತರಗತಿಯ ಹಲವು ಮಕ್ಕಳ ಅಪ್ಪಂದಿರು ಮರ ಹತ್ತುವವರು. ಅಮ್ಮಂದಿರು ಅಡಿಕೆ ಸುಲಿಯುವವರು, ಸೊಪ್ಪು ಹೊರುವವರು. 'ಆಳು ಮಾಡುವುದು ಹಾಳು' ಅನ್ನುವುದನ್ನು ವಿಸ್ತರಿಸಿ ಅಂತ ಆ ಮಕ್ಕಳಿಗೆ ಪ್ರಶ್ನೆ ಕೊಟ್ಟರೆ ಅವರು ತಮ್ಮ ಅಪ್ಪನ ವಿರುದ್ಧ ಒಂದು ಪುಟ ಬರೆಯಬೇಕು. ಚಂದದ ಅಕ್ಷರದಲ್ಲಿ, ಉದಾಹರಣೆ ಸಮೇತ. ನಾನು ಅದಕ್ಕೆ ಅಂಕ ಹಾಕಬೇಕು. ನನ್ನಿಂದ ಆಗುವುದಿಲ್ಲ.

ನನ್ನ ಅಮ್ಮ ಅಡಿಕೆ ಸುಲಿದು ನನ್ನನ್ನು ಓದಿಸಿದವಳು. ಹಳೆಯ ಸ್ನೇಹಿತರಿಗೆ ಇದು ಹೊಸತಲ್ಲ. ಗಾದೆಯ ಮೇಲೆ ನನಗೆ ಇಷ್ಟು ಪ್ರೀತಿ ಬಂದದ್ದು ಪುಸ್ತಕದಿಂದ ಅಲ್ಲ, ಆ ಸುಲಿಯುವ ಕೊಟ್ಟಿಗೆಯಿಂದ. ಒಂದಷ್ಟು ಹೆಂಗಸರು ಕತ್ತಿಯ ಮುಂದೆ ಸಾಲಾಗಿ ಕೂತಿರುತ್ತಿದ್ದರು. ಎಡಕ್ಕೆ ಚಾಲಿ (ಸುಲಿದ ಒಣ ಅಡಿಕೆ) ರಾಶಿ, ಬಲಕ್ಕೆ ಸಿಪ್ಪೆ ರಾಶಿ. ಬಾಯಿಗೆ ಬಿಡುವಿಲ್ಲ. ಒಂದು ದಿನ ಪಕ್ಕದ ಮನೆಯ ಹುಡುಗಿಯೊಬ್ಬಳು ಯಾರ ಜೊತೆಗೋ ಹೋದಳು ಅನ್ನುವ ಸುದ್ದಿ ಬಂತು. ಎಲ್ಲರೂ ಅವಳನ್ನು ಹರಿದು ಹಂಚಲು ಶುರು ಮಾಡಿದರು. ಅಮ್ಮ ತಲೆ ಎತ್ತಲಿಲ್ಲ. 'ಮಾಡಿದವರ ಪಾಪ ಆಡಿದವರ ಬಾಯಲ್ಲಿ. ಸುಲಿಯಿರಿ' ಅಂದಳು. ಕೊಟ್ಟಿಗೆಯಲ್ಲಿ ಮತ್ತೆ ಕತ್ತಿಯ ಸದ್ದು ಮಾತ್ರ. ಆ ಹುಡುಗಿಯ ಪರವಾಗಿ ನಮ್ಮೂರಿನಲ್ಲಿ ಯಾರಾದರೂ ಮಾತಾಡಿದ್ದಿದ್ದರೆ ಅದು ಆ ಒಂದು ಸಾಲು.

ಅದೂ ಗಾದೆಯೇ ಅಲ್ವಾ? ಬಾಯಿ ಮುಚ್ಚಿಸಿದ್ದೇ ಅಲ್ವಾ? ಹೌದು. ಆದರೆ ಅದು ತನ್ನ ಜೊತೆಗೆ, ತನ್ನ ಸರಿಸಮಕ್ಕೆ ಕೂತವರ ಬಾಯಿ ಮುಚ್ಚಿಸಿತು. ಅಲ್ಲಿಲ್ಲದ ಒಬ್ಬಳನ್ನು ಕಾಪಾಡಿತು. ನಿನ್ನೆಯದು ಉತ್ತರ ಕೊಡಲು ಆಗದವನ ಮೇಲೆ ಬಿತ್ತು. ಕೂಲಿ ಇನ್ನೂ ಕೈಗೆ ಬಂದಿಲ್ಲ, ಎದುರು ಮಾತಾಡಿದರೆ ನಾಳೆ ಕರೆಯುವುದಿಲ್ಲ. ಅವನಿಗಾಗಿಯೇ ಇನ್ನೊಂದು ಗಾದೆ ತಯಾರಾಗಿದೆ ನೋಡಿ. 'ಬಡವನ ಕೋಪ ದವಡೆಗೆ ಮೂಲ.' ಅದೂ ಸಾಲದಿದ್ದರೆ 'ತಾಳಿದವನು ಬಾಳಿಯಾನು.' ತಾಳು ಅಂತ ಹೇಳುವವರು ಯಾವತ್ತೂ ತಾಳಬೇಕಾದ ಜಾಗದಲ್ಲಿ ಇರುವುದಿಲ್ಲ. ಮನೆಯೊಳಗೆ ಸೊಸೆಗೂ ಇದೇ ಮಾತು. ಸೊಸೆ ಬುದ್ಧಿವಂತೆಯಾದರೆ 'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಅಂತ ತಿರುಗಿ ಹೇಳುತ್ತಾಳೆ. ನನಗೆ ಬೇಕಾದ್ದು ಇದು. ಗಾದೆಗೆ ಗಾದೆಯಿಂದ ಉತ್ತರ ಬರಬೇಕು.

ಉತ್ತರ ಇಲ್ಲದ ಗಾದೆ ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಮಾತು ಬೆಳ್ಳಿ, ಮೌನ ಬಂಗಾರ ಅಂದರೆ ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವುದಿದೆ. ಆಳು ಮಾಡುವುದು ಹಾಳು ಅಂದರೆ ಆಳಾಗಬಲ್ಲವನು ಅರಸಾಗಬಲ್ಲ ಅನ್ನುವುದಿದೆ. ಎರಡೂ ವೇದವಾ ಹಾಗಾದರೆ? ಎರಡೂ ಸುಳ್ಳಾಗದು ಅಂತೀರಾ? ಒಂದು ಊರಿನ ಜನ ಹಿಂದೆಂದೋ ಆಡಿದ ಜಗಳ ಈ ಗಾದೆಗಳಲ್ಲಿ ಉಳಿದಿದೆ. ನಾವು ಒಂದು ಕಡೆಯವರ ಮಾತನ್ನು ಮಾತ್ರ ಬಾಯಿಪಾಠ ಮಾಡಿ ಅದನ್ನೇ ಸತ್ಯ ಅಂತ ಮಕ್ಕಳಿಗೆ ಕೊಡುತ್ತಿದ್ದೇವೆ.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟು ನಮ್ಮ ಶಾಲೆಯ ಕಪಾಟಿನಲ್ಲೂ ಇದೆ, ಮರುಮುದ್ರಣ. ಅದರಲ್ಲಿ ಪದಗಳ ಜೊತೆಗೆ ಗಾದೆಗಳನ್ನೂ ಸೇರಿಸಿದ್ದಾರೆ. ಆ ಕೆಲಸದ ಬಗ್ಗೆ ನನಗೆ ಗೌರವ ಇದೆ. ಆದರೆ ಕಾಗದಕ್ಕೆ ಬಂದ ಗಾದೆಯಲ್ಲಿ ಹೇಳಿದವರು ಇಲ್ಲ, ಕೇಳಿಸಿಕೊಂಡವರು ಇಲ್ಲ. ಜಗಲಿಯಿಂದ ಅಂಗಳಕ್ಕೆ ಹೇಳಿದ್ದೋ, ಅಂಗಳದಿಂದ ಜಗಲಿಗೆ ಹೇಳಿದ್ದೋ ಗೊತ್ತಾಗುವುದಿಲ್ಲ. ಈಗ ಬೆಳಿಗ್ಗೆ ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಗುಲಾಬಿ ಹೂವಿನ ಮೇಲೆ ಬರುವ ಗಾದೆಗಳಲ್ಲಿ ಅದು ಇನ್ನೂ ಕಡಿಮೆ. 'ಕೈ ಕೆಸರಾದರೆ ಬಾಯಿ ಮೊಸರು' ಅಂತ ಕಳಿಸುತ್ತಾರೆ. ಕೆಸರಾದ ಕೈ ಒಬ್ಬರದು, ಮೊಸರು ತಿಂದ ಬಾಯಿ ಇನ್ನೊಬ್ಬರದು ಆಗಿರುವ ಊರಿನಲ್ಲಿ ಕೂತು ಕಳಿಸುತ್ತಾರೆ. ಕೇರಳದಲ್ಲಿ ಗೇಣಿ ಪದ್ಧತಿ ಹೋದದ್ದು 1970ರ ಜನವರಿ 1ರಂದು. ಭೂಮಿಯ ಕಾಗದ ಬದಲಾಯಿತು. ಈ ಮಾತುಗಳು ಹಾಗೇ ಉಳಿದವು.

'ಹೀಗೆ ಶೋಧಿಸುತ್ತಾ ಹೋದರೆ ಗಾದೆಯೇ ಉಳಿಯುವುದಿಲ್ಲ. ಮೊದಲೇ ಇಲ್ಲಿ ಕನ್ನಡ ಸೊರಗಿದೆ' ಅಂತ ಇನ್ನೊಬ್ಬರು ಹೇಳಿದರು. ಕನ್ನಡದ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಬೇಡಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನಂತರ ಈ ನೆಲದಲ್ಲಿ ಕನ್ನಡ ಉಳಿಸಿದವರಲ್ಲಿ ಜಗಲಿಯವರೂ ಇದ್ದಾರೆ, ಅಂಗಳದವರೂ ಇದ್ದಾರೆ. ಕನ್ನಡ ಶಾಲೆಗೆ ಇವತ್ತು ಮಕ್ಕಳನ್ನು ಕಳಿಸುತ್ತಿರುವವರು ಜಾಸ್ತಿ ಯಾರು ಅಂತ ನಮ್ಮ ಹಾಜರಿ ಪುಸ್ತಕ ತೆರೆದು ನೋಡಿ. ಕೊಟ್ಟಿಗೆಯಲ್ಲಿ ಅಮ್ಮನ ಪಕ್ಕ ಕೂರುತ್ತಿದ್ದ ಮಲಯಾಳದ ಹೆಂಗಸೊಬ್ಬರು, ಬೇಗ ಬೇಗ ಸುಲಿಯಿರಿ ಅಂತ ಯಾರಾದರೂ ಅವಸರ ಮಾಡಿದರೆ 'ಪಯ್ಯೆ ತಿನ್ನಾಲ್ ಪನಯುಂ ತಿನ್ನಾಂ' ಅನ್ನುತ್ತಿದ್ದರು. ನಿಧಾನಕ್ಕೆ ತಿಂದರೆ ತಾಳೆಮರವನ್ನೇ ತಿನ್ನಬಹುದು ಅಂತ. ಎಲ್ಲರೂ ನಗುತ್ತಿದ್ದರು, ಅವಸರ ಮಾಡಿದವರೂ ನಗುತ್ತಿದ್ದರು. ಕೆಲಸ ಮಾಡುವವರು ಕೆಲಸದ ಬಗ್ಗೆ ಆಡಿದ ಮಾತು ಅದು. ಅಂಥದ್ದು ಕನ್ನಡದಲ್ಲಿ, ತುಳುವಿನಲ್ಲಿ ಎಷ್ಟಿರಲಿಕ್ಕಿಲ್ಲ! ಗೈಡಿನಲ್ಲಿ ಯಾಕೆ ಒಂದೂ ಇಲ್ಲ?

ಒಂದು ಮಾತು ಆ ಯಜಮಾನರಿಗೆ. ಅವರು ಇದನ್ನು ಓದುತ್ತಾರೆ, ಅವರ ಮಗ ತೋರಿಸುತ್ತಾನೆ. ನೀವು ಕೊಡೆಗಳಿಗೆ ದುಡ್ಡು ಕೊಟ್ಟಿರಿ, ಧಾರಾಳವಾಗಿಯೇ ಕೊಟ್ಟಿರಿ. ಅದಕ್ಕೆ ನಾನು ಋಣಿ. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ. ನಿನ್ನೆ ಒಂದು ಬುಟ್ಟಿ ಅಡಿಕೆಗಾಗಿ ನಾಲ್ಕು ಜನರ ಎದುರು ಅವನ ಮಾನ ತೆಗೆದಿರಿ. ನಿಮ್ಮ ತೋಟದ ಉಳಿದ ಕೊನೆಗಳು ಈಗ ಅವನ ಕೈಯಲ್ಲೇ ಇವೆ. ಇಂದು ಬೆಳಿಗ್ಗೆ ಅವನು ಬಂದಿದ್ದರೆ ಅದು ಅವನ ದೊಡ್ಡತನ.

ಸೋಮವಾರ ನಾನು ಒಂಬತ್ತನೇ ತರಗತಿಗೆ ಗೈಡಿನ ಗಾದೆ ಕೊಡುವುದಿಲ್ಲ. ಮನೆಯಲ್ಲಿ ಕೆಲಸ ಮಾಡುವವರ ಬಾಯಿಂದ ಒಂದು ಮಾತು ಕೇಳಿ ಬರೆದು ತನ್ನಿ ಅನ್ನುತ್ತೇನೆ. ಯಾರು ಹೇಳಿದರು, ಯಾರಿಗೆ ಹೇಳಿದರು, ಆಗ ಕೈಯಲ್ಲಿ ಯಾವ ಕೆಲಸ ಇತ್ತು, ಅದನ್ನೂ ಬರೆಯಬೇಕು. ಆ ಮಾತಿಗೆ ಎದುರು ಮಾತು ಇದ್ದರೆ ಅದೂ ಬೇಕು. ನಿಮ್ಮಲ್ಲಿ ಯಾರಿಗಾದರೂ ಅಂಥ ಮಾತು ನೆನಪಿದ್ದರೆ ಭಾನುವಾರ ರಾತ್ರಿಯೊಳಗೆ ಬರೆಯಿರಿ. ತುಳು, ಮಲಯಾಳ, ಕೊಂಕಣಿ, ಮರಾಠಿ, ಯಾವ ಭಾಷೆಯದ್ದಾದರೂ ಆಗಬಹುದು. ಹೇಳಿದವರ ಕೆಲಸ ಏನು ಅನ್ನುವುದನ್ನು ಮಾತ್ರ ಬಿಡಬೇಡಿ.