ಪುಸ್ತಕದ ರಟ್ಟಿನೊಳಗೆ ಉಳಿದ ಸಂತ

ಯುರೋಪಿನ ಮುದ್ರಣದ ಚರಿತ್ರೆ ಬರೆಯುವವರು 15ನೇ ಶತಮಾನದ ಮರದಚ್ಚಿನ ದೇವರ ಪಟಗಳನ್ನು ಬಿಡಿ ಅಚ್ಚುಮೊಳೆ ಜೋಡಿಸಿ ಪುಸ್ತಕ ಮುದ್ರಿಸಿದ ಗುಟೆನ್‌ಬರ್ಗ್‌ನತ್ತ ಹೋಗುವ ಮೆಟ್ಟಿಲು ಎಂದಷ್ಟೇ ಹೇಳಿ ದಾಟಿಬಿಡುತ್ತಾರೆ. ಇದು ದೊಡ್ಡ ಅನ್ಯಾಯ. ಆ ಪಟಗಳಿಗೆ ದಿನವೂ ಮಾಡಬೇಕಾದ ಕೆಲಸವೊಂದಿತ್ತು.

ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದ ಸಂತ ಕ್ರಿಸ್ಟೋಫರ್ ಪಟವನ್ನೇ ನೋಡಿ. 1423 ಎಂಬ ಇಸವಿ ಅಚ್ಚಿನಲ್ಲೇ ಇದೆ. ಬಾಲಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುವ ಸಂತ, ಅವನ ಕೆಳಗೆ ಲ್ಯಾಟಿನ್ ಸಾಲು: ಈ ಮುಖ ನೋಡಿದ ದಿನ ನಿನಗೆ ದುರ್ಮರಣವಿಲ್ಲ. ದುರ್ಮರಣವೆಂದರೆ ಪಾಪನಿವೇದನೆಗೂ ಬಿಡುವಿಲ್ಲದೆ ಹಠಾತ್ತನೆ ಬರುವ ಸಾವು. ಪ್ಲೇಗ್ ಮತ್ತೆ ಮತ್ತೆ ಬರುತ್ತಿದ್ದ ಕಾಲವದು. ಚರ್ಚಿನ ಗೋಡೆಯ ಕ್ರಿಸ್ಟೋಫರನನ್ನು ನೋಡಲು ಚರ್ಚಿಗೇ ಹೋಗಬೇಕಿತ್ತು; ಕಾಗದದ ಕ್ರಿಸ್ಟೋಫರ್ ಕಣ್ಣು ಬಿಟ್ಟ ಕೂಡಲೇ ಎದುರಿಗಿರಬಲ್ಲ. ಆ ಅಭಯ ಮನೆಯೊಳಗೆ ಬಂತಲ್ಲ, ನನ್ನ ಮಟ್ಟಿಗೆ ಅದೇ ದೊಡ್ಡ ಬದಲಾವಣೆ.

ಗೆರೆಗಳು ಒರಟು ಎನ್ನುವವರು ಕೆಲಸದ ಬಗೆ ತಿಳಿಯಬೇಕು. ಹಲಗೆಯನ್ನು ಮರದ ಎಳೆಯ ಉದ್ದಕ್ಕೆ ಸೀಳಿ, ಚಿತ್ರವನ್ನು ಎಡಬಲ ತಿರುಗಿಸಿ ಬರೆದು, ಗೆರೆಯ ಎರಡೂ ಬದಿ ಚಾಕುವಿನಿಂದ ಕೆತ್ತಿ ತೆಗೆಯಬೇಕು. ಎಳೆಗೆ ಅಡ್ಡಲಾಗಿ ಸಣ್ಣ ಗೆರೆ ಬಿಟ್ಟರೆ ಪಟ್ಟನೆ ಮುರಿಯುತ್ತದೆ. ಅದಕ್ಕೇ ಗೆರೆ ದಪ್ಪ, ಬಟ್ಟೆಯ ಮಡಿಕೆ ಕಡಿಮೆ. ಉಳಿದದ್ದನ್ನು ಕೈಯಲ್ಲಿ ಹಚ್ಚಿದ ಬಣ್ಣ ತುಂಬಿಕೊಡುತ್ತದೆ. ಕಾಗದ ತೀರಾ ಒದ್ದೆಯಾದರೆ ಮಸಿ ಹರಡುತ್ತದೆ, ಒಣಗಿದ್ದರೆ ಗೆರೆಯ ನಡುವೆ ಬಿಳಿ ಉಳಿಯುತ್ತದೆ. ಹಲಗೆ ಹಳತಾದಂತೆ ಅಂಚಿನ ಗೆರೆ ಒಡೆಯುತ್ತದೆ, ಹುಳು ಕೊರೆದ ತೂತು ಬಿಳಿ ಚುಕ್ಕೆಯಾಗಿ ಬೀಳುತ್ತದೆ. ಒಂದೇ ಹಲಗೆಯ ಎರಡು ಪಟಗಳಲ್ಲಿ ಮೊದಲಿನದು ಯಾವುದೆಂದು ಇವುಗಳಿಂದಲೇ ಗುರುತಿಸಬಹುದು.

ವ್ಯಾಪಾರವೂ ಜೋರಾಗಿತ್ತು. 1441ರಲ್ಲಿ ವೆನಿಸ್ ತನ್ನ ಕುಶಲಕರ್ಮಿಗಳ ದೂರಿನ ಮೇರೆಗೆ ಹೊರಗಿನಿಂದ ಬರುವ ಅಚ್ಚಿನ ಇಸ್ಪೀಟೆಲೆ ಮತ್ತು ಚಿತ್ರಗಳನ್ನು ತಡೆಯಿತು.

ಇವು ಬಡವರ ಪಟಗಳಷ್ಟೇ ಎಂಬ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ಆ ಕ್ರಿಸ್ಟೋಫರ್ ಸಿಕ್ಕಿದ್ದು ಜರ್ಮನಿಯ ಬುಕ್ಸ್‌ಹೈಮ್ ಮಠದ ಹಸ್ತಪ್ರತಿಯ ರಟ್ಟಿನೊಳಗೆ. ಸನ್ಯಾಸಿಗಳೂ ಇವನ್ನು ಜೋಪಾನ ಮಾಡುತ್ತಿದ್ದರು. ಪುಸ್ತಕದೊಳಗಿನದು ಉಳಿಯಿತು, ಗೋಡೆಗೆ ಅಂಟಿಸಿದ್ದು ಹೊಗೆಗೆ, ತೇವಕ್ಕೆ ಹಾಳಾಯಿತು. ಇಟಲಿಯ ಫೋರ್ಲಿಯ ಮೇರಿಮಾತೆಯ ಪಟ ಅಪರೂಪದ್ದು. 1428ರಲ್ಲಿ ಅದಿದ್ದ ಶಾಲೆಗೆ ಬೆಂಕಿ ಬಿತ್ತು. ಪಟ ಸುಡಲಿಲ್ಲವೆಂದು ನಂಬಿ ಊರವರು ಮೆರವಣಿಗೆಯಲ್ಲಿ ಕ್ಯಾಥೆಡ್ರಲಿಗೆ ಒಯ್ದರು. ಇಂದಿಗೂ ಅಲ್ಲೇ ಇದೆ, ಶಾಲೆಯ ಗೋಡೆಯ ಮೇಲಿದ್ದ ಆ ಕಾಗದ.