ಪತ್ರಕರ್ತ ಸಿನಿಮಾದ ಹೀರೊ ಆಗಬೇಕಾ?

ಪರ: ಕೇಳುವವನೂ ಹೀರೊನೇ

ಒಬ್ಬ ಮೇಜಿನ ಮುಂದೆ ಕೂತು ಫೋನ್‌ನಲ್ಲಿ ಮಾತಾಡುತ್ತಿದ್ದಾನೆ. ದೃಶ್ಯ ಅಷ್ಟೇ. ಓಡಾಟ ಇಲ್ಲ, ಹೊಡೆದಾಟ ಇಲ್ಲ. ಒಂದೇ ಶಾಟ್, ಸುಮಾರು 6 ನಿಮಿಷ. ಕ್ಯಾಮೆರಾ ಮಾತ್ರ ಗೊತ್ತೇ ಆಗದಷ್ಟು ನಿಧಾನವಾಗಿ ಅವನ ಮುಖದ ಹತ್ತಿರ ಬರುತ್ತಿದೆ.

1976ರ 'ಆಲ್ ದಿ ಪ್ರೆಸಿಡೆಂಟ್ಸ್ ಮೆನ್' ಚಿತ್ರದ ದೃಶ್ಯ ಇದು. ವರದಿಗಾರನ ಪಾತ್ರದಲ್ಲಿ ರಾಬರ್ಟ್ ರೆಡ್‌ಫೋರ್ಡ್. 25,000 ಡಾಲರಿನ ಒಂದು ಚೆಕ್ಕು ವಾಟರ್‌ಗೇಟ್ ಕಟ್ಟಡದಲ್ಲಿದ್ದ, ಅಮೆರಿಕದ ಅಧ್ಯಕ್ಷ ನಿಕ್ಸನ್‌ರ ಎದುರಾಳಿ ಪಕ್ಷದ ಕಚೇರಿಗೆ ನುಗ್ಗಿ ಸಿಕ್ಕಿಬಿದ್ದ ಕಳ್ಳನೊಬ್ಬನ ಖಾತೆಗೆ ಹೇಗೆ ಹೋಯಿತು ಅಂತ ಕೇಳುತ್ತಿದ್ದಾನೆ. ಆ ಕಡೆಯವರು ತಡವರಿಸುತ್ತಾರೆ, ಫೋನ್ ಇಡುತ್ತಾರೆ, ಆಮೇಲೆ ಅವರೇ ಮತ್ತೆ ಫೋನ್ ಮಾಡುತ್ತಾರೆ. ಹಿಂದೆ ಸಹೋದ್ಯೋಗಿಗಳೆಲ್ಲ ಟಿವಿ ಮುಂದೆ ಗುಂಪಾಗಿದ್ದಾರೆ. ಇವನಿಗೆ ಅದರ ಪರಿವೆಯೇ ಇಲ್ಲ. ಒಂದು ಕಡೆ ರೆಡ್‌ಫೋರ್ಡ್ ಹೆಸರನ್ನು ತಪ್ಪಿ ಹೇಳಿಬಿಡುತ್ತಾರೆ. ಪಾತ್ರದಲ್ಲೇ ಇದ್ದುಕೊಂಡು ಸರಿಮಾಡಿಕೊಂಡು ಮುಂದೆ ಹೋಗುತ್ತಾರೆ. ಆ ತಪ್ಪನ್ನು ಚಿತ್ರದಲ್ಲಿ ಹಾಗೇ ಉಳಿಸಿಕೊಂಡಿದ್ದಾರೆ. ಒಳ್ಳೆಯದೇ ಆಯಿತು. ಕೈ ನಡುಗುವಂಥ ಸುದ್ದಿ ಸಿಕ್ಕಾಗ ಯಾರಿಗಾದರೂ ಹೆಸರು ತಪ್ಪುತ್ತದೆ, ಅಲ್ವಾ?

ನಾನು ನೋಡಿದ ಎಷ್ಟೋ ಕಾರ್ ಚೇಸ್‌ಗಳು ಮರೆತುಹೋಗಿವೆ. ಈ ಫೋನ್ ಕರೆ ಮರೆತಿಲ್ಲ.

ಪೊಲೀಸ್ ಹೀರೊ ಬಾಗಿಲು ಒದ್ದು ಒಳಗೆ ಹೋಗಬಹುದು. ವಕೀಲ ಹೀರೊ ಸಾಕ್ಷಿಯನ್ನು ಕಟಕಟೆಗೆ ಕರೆಸಬಹುದು. ಪತ್ರಕರ್ತನ ಕೈಯಲ್ಲಿ ಇಂಥ ಯಾವ ಅಧಿಕಾರವೂ ಇಲ್ಲ. ಎದುರಿನವರು 'ಮಾತಾಡಲ್ಲ, ಹೋಗಿ' ಅಂದರೆ ಮುಗಿಯಿತು. ಮತ್ತೆ ನಾಳೆ ಬರಬೇಕು. ಅದೇ ಚಿತ್ರದಲ್ಲಿ ಇನ್ನೊಬ್ಬ ವರದಿಗಾರ ಲೆಕ್ಕ ಬರೆಯುವ ಹೆಂಗಸಿನ ಮನೆಗೆ ಹೋಗುತ್ತಾನೆ. ಆಕೆಗೆ ಮಾತಾಡುವ ಮನಸ್ಸಿಲ್ಲ, ಭಯ. ಆದರೆ ಒಳಗೊಳಗೇ ಹೇಳಿಬಿಡಬೇಕು ಅಂತಲೂ ಇದೆ. ಇವನು ಕಾಫಿ ನೆಪದಲ್ಲಿ ಕೂತೇ ಇರುತ್ತಾನೆ. ಒಂದೊಂದೇ ಪ್ರಶ್ನೆ. ಆಕೆ ಅರ್ಧ ಹೇಳುತ್ತಾಳೆ, ಅರ್ಧ ನುಂಗುತ್ತಾಳೆ. ಗನ್ನು ಹಿಡಿದ ಹೀರೊಗೆ ಇಂಥ ದೃಶ್ಯ ಬರೆಯೋಕೆ ಆಗಲ್ಲ. ಇಲ್ಲಿ ಗೆಲ್ಲೋದು ತಾಳ್ಮೆ. ಅದೂ ಪೂರ್ತಿ ಗೆಲುವಲ್ಲ.

ಇನ್ನೊಂದು ಕಾರಣ. ಪತ್ರಕರ್ತನಿಗೆ ಗೊತ್ತಿರುವಷ್ಟೇ ಪ್ರೇಕ್ಷಕನಿಗೂ ಗೊತ್ತಿರುತ್ತದೆ. ಇಬ್ಬರೂ ಜೊತೆಯಲ್ಲೇ ಕತ್ತಲಲ್ಲಿ ತಡಕಾಡುತ್ತಾರೆ. 2015ರ 'ಸ್ಪಾಟ್‌ಲೈಟ್' ನೋಡಿ. ಮಕ್ಕಳಿಗೆ ಲೈಂಗಿಕ ಕಿರುಕುಳ ಕೊಟ್ಟ ಪಾದ್ರಿಗಳನ್ನು ಬೋಸ್ಟನ್ನಿನ ಚರ್ಚು ಮುಚ್ಚಿಟ್ಟದ್ದನ್ನು ಬಯಲಿಗೆಳೆದ ತಂಡದ ಕತೆ. ಅವರ ದೊಡ್ಡ ಆಯುಧ ಏನು ಗೊತ್ತಾ? ಚರ್ಚಿನ ಹಳೇ ಡೈರೆಕ್ಟರಿಗಳು. ಒಂದೊಂದು ವರ್ಷದ ಪುಸ್ತಕ ಬಿಚ್ಚಿ, ಸಾಲಿನ ಕೆಳಗೆ ಸ್ಕೇಲು ಇಟ್ಟು, 'ಅನಾರೋಗ್ಯ ರಜೆ' ಅಂತ ನಮೂದಾದ ಪಾದ್ರಿಗಳ ಹೆಸರು ಹುಡುಕುತ್ತಾರೆ. ಒಬ್ಬನೇ ಪಾದ್ರಿ ಅಂದುಕೊಂಡು ಶುರುವಾದದ್ದು 13ಕ್ಕೆ ಬರುತ್ತದೆ. ಡೈರೆಕ್ಟರಿ ಮುಗಿಯುವ ಹೊತ್ತಿಗೆ 87. ಆ ಸಂಖ್ಯೆ ಕೇಳಿದಾಗ ತಂಡಕ್ಕೆ ಹೊಟ್ಟೆಯಲ್ಲಿ ಏನಾಗುತ್ತದೋ ನಮಗೂ ಅದೇ ಆಗುತ್ತದೆ. ಗುಮಾಸ್ತಿಕೆಯ ಕೆಲಸವನ್ನು ಉಸಿರು ಬಿಗಿಹಿಡಿದು ನೋಡುವ ಹಾಗೆ ಮಾಡೋದು ಸುಮ್ನೆ ಮಾತಲ್ಲ.

'ಇವೆಲ್ಲ ಪತ್ರಕರ್ತರನ್ನು ಹೊಗಳೋ ಸಿನಿಮಾ' ಅನ್ನುವವರಿದ್ದಾರೆ. ಅವರು ಅರ್ಧ ಮಾತ್ರ ನೋಡಿದ್ದಾರೆ ಅಂತ ನನಗನ್ನಿಸುತ್ತದೆ. 'ಸ್ಪಾಟ್‌ಲೈಟ್'ನಲ್ಲೇ ಒಂದು ಕಡೆ ವಕೀಲರೊಬ್ಬರು ಹೇಳುತ್ತಾರೆ: 20 ಪಾದ್ರಿಗಳ ಪಟ್ಟಿಯನ್ನು ನಿಮ್ಮ ಪತ್ರಿಕೆಗೆ ಎಷ್ಟೋ ವರ್ಷದ ಹಿಂದೆಯೇ ಕಳಿಸಿದ್ದೆ, ನೀವು ಅದನ್ನು ಒಳಪುಟದಲ್ಲಿ ಹೂತುಬಿಟ್ಟಿರಿ. ಆಗ ಆ ವಿಭಾಗ ನೋಡಿಕೊಳ್ಳುತ್ತಿದ್ದವನು ಯಾರು? ಈಗ ತಂಡದ ಮುಖ್ಯಸ್ಥನಾಗಿರುವ ನಮ್ಮ ಹೀರೊನೇ. ತಾನು ಬೆನ್ನುಬಿದ್ದ ಅಪರಾಧದಲ್ಲಿ ತನ್ನದೂ ಒಂದು ಪಾಲಿದೆ ಅಂತ ಒಪ್ಪಿಕೊಳ್ಳುವ ಹೀರೊ ಎಷ್ಟು ಸಿನಿಮಾಗಳಲ್ಲಿ ಸಿಗುತ್ತಾನೆ?

ಕೆಟ್ಟ ಪತ್ರಕರ್ತನೂ ಮುಖ್ಯ ಪಾತ್ರವಾಗಿದ್ದಾನೆ, ಅದೂ ಬಹಳ ಹಿಂದೆಯೇ. ಬಿಲ್ಲಿ ವೈಲ್ಡರ್ 1951ರಲ್ಲಿ ಮಾಡಿದ 'ಏಸ್ ಇನ್ ದ ಹೋಲ್'ನಲ್ಲಿ ಒಬ್ಬ ಗುಹೆಯಲ್ಲಿ ಸಿಕ್ಕಿಬಿದ್ದಿದ್ದಾನೆ. ಬೇಗ ಹೊರತೆಗೆಯುವ ದಾರಿ ಇದೆ. ಆದರೆ ಬೇಗ ತೆಗೆದರೆ ಸುದ್ದಿ ಬೇಗ ಮುಗಿದುಹೋಗುತ್ತದಲ್ಲ! ವರದಿಗಾರ ನಿಧಾನದ ದಾರಿಯನ್ನೇ ಹಿಡಿಸುತ್ತಾನೆ. ಗುಹೆಯ ಹೊರಗೆ ಜಾತ್ರೆ ನೆರೆಯುತ್ತದೆ. ಲೈವ್ ಕ್ಯಾಮೆರಾಗಳು ಸಾವಿನ ಮನೆ ಮುಂದೆ ಸಾಲುಗಟ್ಟಿ ನಿಲ್ಲುವ ಎಷ್ಟೋ ವರ್ಷ ಮೊದಲೇ ಸಿನಿಮಾ ಇದನ್ನು ಕಂಡಿತ್ತು. 2003ರ 'ಶ್ಯಾಟರ್ಡ್ ಗ್ಲಾಸ್' ಸ್ಟೀಫನ್ ಗ್ಲಾಸ್ ಎಂಬ ನಿಜವಾದ ಪತ್ರಕರ್ತನ ಕತೆ. ಒಂದೇ ಪತ್ರಿಕೆಗೆ ಬರೆದ 41 ಲೇಖನಗಳಲ್ಲಿ 27ರಲ್ಲಿ ಪೂರ್ತಿಯಾಗಿಯೋ ಭಾಗಶಃವೋ ಕಟ್ಟುಕತೆ ಹೆಣೆದವನು. ಅವನನ್ನು ಹಿಡಿದದ್ದು ಯಾವ ಪೊಲೀಸೂ ಅಲ್ಲ. ಇನ್ನೊಂದು ಕಡೆಯ ವರದಿಗಾರರು ಕೇಳಿದ ತೀರಾ ಸಾದಾ ಪ್ರಶ್ನೆಗಳು: ಈ ಕಂಪನಿ ಎಲ್ಲಿದೆ? ಇದರ ಫೋನ್ ನಂಬರ್ ಏನು?

ಇನ್ನು 'ರೋಮನ್ ಹಾಲಿಡೇ' ಥರದ್ದು ಬೇರೆಯೇ ಖುಷಿ. ರಾಜಕುಮಾರಿಯ ಜೊತೆ ಇಡೀ ದಿನ ಕಳೆದ ವರದಿಗಾರನ ಕೈಯಲ್ಲಿ ಭಾರೀ ಸ್ಕೂಪ್ ಇದೆ. ಕೊನೆಗೆ ಅವನು ಬರೆಯುವುದೇ ಇಲ್ಲ. ಬರೆಯದೆ ಇರೋದೂ ಈ ಕೆಲಸದಲ್ಲಿ ಒಂದು ನಿರ್ಧಾರ ಅಂತ 1953ರಲ್ಲೇ ಒಂದು ಪ್ರೇಮಕತೆ ಹೇಳಿಬಿಟ್ಟಿತ್ತು.

ಸುದ್ದಿ ಬೆಳಿಗ್ಗೆ ಬಾಗಿಲ ಬಳಿ ಬಂದು ಬೀಳುತ್ತದೆ, ಅಥವಾ ಮೊಬೈಲಿನಲ್ಲಿ ಟಿಣ್ ಅನ್ನುತ್ತದೆ. ಅದರ ಹಿಂದೆ ಯಾರು ಎಷ್ಟು ಬಾಗಿಲು ತಟ್ಟಿದರು, ಎಷ್ಟು ಕಡೆ ಬೈಸಿಕೊಂಡರು ಅನ್ನೋದು ಓದುವವರಿಗೆ ಕಾಣಲ್ಲ. ಪತ್ರಿಕೆ ತನ್ನ ಬಗ್ಗೆ ತಾನೇ ಬರೆದುಕೊಂಡರೆ ಅದು ಬೆನ್ನು ತಟ್ಟಿಕೊಂಡ ಹಾಗೆ. ಸಿನಿಮಾ ಹೊರಗಿನಿಂದ ಬಂದು ತೋರಿಸಿದಾಗ ನಂಬುವುದು ಸುಲಭ. 'ಮೂಲಗಳ ಪ್ರಕಾರ' ಅಂತ ಓದಿದಾಗ ಆ ಮೂಲ ಯಾರು, ಇನ್ನೊಬ್ಬರು ಅದನ್ನೇ ಹೇಳಿದ್ದಾರಾ ಅಂತ ನಾನು ಯೋಚಿಸೋಕೆ ಶುರುಮಾಡಿದ್ದೇ ಇಂಥ ಸಿನಿಮಾ ನೋಡಿದ ಮೇಲೆ. ಪತ್ರಿಕೋದ್ಯಮದ ಯಾವ ತರಗತಿಯಲ್ಲೂ ನಾನು ಕೂತವನಲ್ಲ.

ವಿರೋಧ: ಸುದ್ದಿಯ ಮೇಲೆ ಹೆಸರಿದ್ದವನಿಗಷ್ಟೇ ಕ್ಯಾಮೆರಾ

ಆ ಫೋನ್ ದೃಶ್ಯ ನನಗೂ ಇಷ್ಟ. ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೆ ಪ್ರತಿ ಸಲವೂ ಆ ಸುದ್ದಿಮನೆಯಲ್ಲಿ ನಾನು ಹುಡುಕುವುದು ಇನ್ನೊಬ್ಬರನ್ನು: ಬ್ಯಾರಿ ಸಸ್‌ಮನ್. 'ವಾಷಿಂಗ್ಟನ್ ಪೋಸ್ಟ್'ನಲ್ಲಿ ವಾಟರ್‌ಗೇಟ್ ವರದಿಗಳನ್ನು ದಿನದಿನವೂ ನೋಡಿಕೊಂಡ ಸಂಪಾದಕ ಅವರು. ಯಾವ ಎಳೆ ಎಲ್ಲಿಗೆ ಸೇರುತ್ತದೆ ಅಂತ ಆ ಇಬ್ಬರು ಹುಡುಗರ ಜೊತೆ ಕೂತು ಜೋಡಿಸಿದವರು. ಚಿತ್ರದಲ್ಲಿ ಅವರ ಪಾತ್ರವೇ ಇಲ್ಲ. ಸಂಪಾದಕರ ಪಾತ್ರ ಜಾಸ್ತಿಯಾಯಿತು ಅಂತಲೋ ಏನೋ, ಅವರನ್ನು ಎತ್ತಿಯೇಬಿಟ್ಟರು.

ನನ್ನ ತಕರಾರೆಲ್ಲ ಈ ಖಾಲಿ ಕುರ್ಚಿಯ ಸುತ್ತಲೇ ಇದೆ.

ನಾನು ಕೆಲವು ವರ್ಷ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವ ರಾತ್ರಿ ಪಾಳಿಯ ಡೆಸ್ಕಿನಲ್ಲಿದ್ದೆ. ಒಂದು ರಾತ್ರಿ ಪುಟವನ್ನು ಅಚ್ಚಿಗೆ ಬಿಡಲು ಇಪ್ಪತ್ತು ನಿಮಿಷ ಇರುವಾಗ ಒಂದು ವರದಿ ಬಂತು. ಹಗರಣದ ಸುದ್ದಿ, ಮುಖಪುಟದ್ದು. ಮೊದಲ ಪ್ಯಾರಾದಲ್ಲಿ ಆರೋಪಿಯ ಹೆಸರಿಗೆ ಒಂದು ಇನಿಷಿಯಲ್, ನಾಲ್ಕನೇ ಪ್ಯಾರಾದಲ್ಲಿ ಇನ್ನೊಂದು. ವರದಿಗಾರನ ಫೋನ್ ಸ್ವಿಚ್ಡ್ ಆಫ್. ನನ್ನ ಪಕ್ಕದಲ್ಲಿದ್ದ ಹಿರಿಯ ಉಪಸಂಪಾದಕಿ ಎದ್ದು ಹೋಗಿ ಹಳೇ ಸಂಚಿಕೆಗಳ ಕಟ್ಟು ತಂದರು. ಹುಡುಕಿದರೆ ಆ ಎರಡು ಇನಿಷಿಯಲ್‌ಗಳ ಇಬ್ಬರು ಬೇರೆ ಬೇರೆ ಮನುಷ್ಯರೇ ಇದ್ದರು! ಅವರಲ್ಲಿ ಒಬ್ಬನಿಗೆ ಈ ಹಗರಣದ ಜೊತೆ ಸಂಬಂಧವೇ ಇಲ್ಲ. ತಿದ್ದಿದೆವು, ಪುಟ ಬಿಟ್ಟೆವು. ಮಾರನೇ ದಿನ ವರದಿಗಾರನಿಗೆ ಅಭಿನಂದನೆಯ ಮಹಾಪೂರ. ಆಯಮ್ಮ ಅಷ್ಟು ಹೊತ್ತಿಗೆ ಮನೆಯಲ್ಲಿ ನಿದ್ದೆ ಮಾಡುತ್ತಿದ್ದರು. ಅವರ ಮೇಲೆ ಯಾರೂ ಸಿನಿಮಾ ಮಾಡಲ್ಲ ಬಿಡಿ. ಹಳೇ ಪೇಪರ್ ತಿರುವಿ ಹಾಕುವ ಹೆಂಗಸನ್ನು ನೋಡೋಕೆ ಯಾರು ಬರುತ್ತಾರೆ?

'ಸ್ಪಾಟ್‌ಲೈಟ್' ಇದಕ್ಕೆ ಅಪವಾದ ಅಂತ ಒಪ್ಪುತ್ತೇನೆ. ಅಲ್ಲಿ ತಂಡ ಇದೆ. ಉಳಿದ ಕಡೆ ಆಗುವುದು ಬೇರೆ. ಎಷ್ಟೋ ಜನ ಎಷ್ಟೋ ದಿನ ಮಾಡಿದ ಕೆಲಸ ಒಂದು ಮುಖದ ಮೇಲೆ ಬಂದು ಕೂರುತ್ತದೆ. ವಾಟರ್‌ಗೇಟ್ ಕಳ್ಳರು ಸಿಕ್ಕಿಬಿದ್ದದ್ದು 1972ರ ಜೂನ್‌ನಲ್ಲಿ. ನಿಕ್ಸನ್ ರಾಜೀನಾಮೆ ಕೊಟ್ಟದ್ದು 1974ರ ಆಗಸ್ಟ್‌ನಲ್ಲಿ. ಮಧ್ಯೆ ಎಫ್‌ಬಿಐ ತನಿಖೆ ಇತ್ತು, ನ್ಯಾಯಾಧೀಶರಿದ್ದರು, ಸೆನೆಟ್ ಸಮಿತಿ ಇತ್ತು, ನಿಕ್ಸನ್ ಮಾತುಕತೆ ರೆಕಾರ್ಡಾಗಿದ್ದ ಟೇಪುಗಳಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋದ ಜಗಳ ಇತ್ತು. ಚಿತ್ರ 1973ರ ಜನವರಿಗೇ ನಿಂತುಬಿಡುತ್ತದೆ. ಇಬ್ಬರೂ ಕೂತು ಟೈಪ್ ಮಾಡುತ್ತಿರುತ್ತಾರೆ. ಮುಂದಿನದೆಲ್ಲ ಟೆಲಿಪ್ರಿಂಟರ್ ಕಾಗದದ ಮೇಲೆ ಟಕಟಕ ಅಂತ ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಪ್ರೇಕ್ಷಕ ಮನೆಗೆ ಒಯ್ಯುವುದೇನು? ಇಬ್ಬರು ವರದಿಗಾರರು ಅಧ್ಯಕ್ಷನನ್ನು ಇಳಿಸಿದರು ಅಂತ.

ಇದರ ಇನ್ನೊಂದು ತೊಂದರೆ ಕ್ಲೈಮ್ಯಾಕ್ಸ್. ಸಿನಿಮಾದಲ್ಲಿ ಅಚ್ಚಾದರೆ ಕತೆ ಮುಗಿಯಿತು. ಪ್ರೆಸ್ಸು ಗಡಗಡ ಓಡುತ್ತದೆ, ಪೇಪರಿನ ಕಟ್ಟುಗಳು ವ್ಯಾನ್ ಹತ್ತುತ್ತವೆ. ಈಗಿನ ಕತೆಯಾದರೆ ಯಾರೋ 'ಪಬ್ಲಿಷ್' ಒತ್ತುತ್ತಾರೆ. ನಿಜದಲ್ಲಿ ಅಚ್ಚಾದ ಮಾರನೇ ದಿನವೇ ಅಸಲಿ ಕತೆ ಶುರು. ವಕೀಲರ ನೋಟಿಸು ಬರುತ್ತದೆ. ಮಾಹಿತಿ ಕೊಟ್ಟವರಿಗೆ ಕಾಟ ಶುರುವಾಗುತ್ತದೆ. ಅಥವಾ ಏನೂ ಆಗುವುದಿಲ್ಲ. ಹೆಚ್ಚಿನ ಸಲ ಆಗುವುದು ಇದೇ. ಆರು ತಿಂಗಳು ಬೆವರು ಸುರಿಸಿದ ವರದಿ ಬಂದು, ಯಾರೂ ಕ್ಯಾರೇ ಅನ್ನದೆ, ಸಂಜೆಗೆ ಪೊಟ್ಟಣ ಕಟ್ಟೋಕೆ ಹೋಗುತ್ತದೆ.

ಬರೀ ಪತ್ರಕರ್ತನಾಗಿ ಉಳಿದರೆ ಹೀರೊಗೆ ಗೌರವ ಸಾಲದು ಅಂತಲೂ ಸಿನಿಮಾದವರಿಗೆ ಒಂದು ಅನುಮಾನ. ಶಂಕರ್ ಅವರ 1999ರ ತಮಿಳು ಚಿತ್ರ 'ಮುದಲ್ವನ್'ನಲ್ಲಿ ಟಿವಿ ವರದಿಗಾರ ಮುಖ್ಯಮಂತ್ರಿಯನ್ನು ಸಂದರ್ಶನದಲ್ಲಿ ಬೆವರಿಳಿಸುತ್ತಾನೆ. ನನ್ನ ಪ್ರಕಾರ ಚಿತ್ರದ ಒಳ್ಳೇ ಭಾಗ ಅದೇ. ಆದರೆ ಕೂಡಲೇ ಅವನು ಒಂದು ದಿನದ ಮುಖ್ಯಮಂತ್ರಿ ಆಗಬೇಕು! ಕೇಳಿದ್ದು ಸಾಲಲಿಲ್ಲ, ಕುರ್ಚಿ ಹತ್ತಿ ಶಿಕ್ಷೆಯನ್ನೂ ಕೊಡಬೇಕು. 1938ರಿಂದಲೂ ಸೂಪರ್‌ಮ್ಯಾನ್‌ನ ಹಗಲಿನ ನೌಕರಿ ಪತ್ರಿಕೆಯಲ್ಲೇ. ಅಲ್ಲಿ ಅವನು ಏನು ಬರೆದ ಅಂತ ಯಾರಿಗಾದರೂ ನೆನಪಿದೆಯಾ?

ಹೆಂಗಸರ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಸುದ್ದಿಗಾಗಿ ಮೂಲದ ಜೊತೆ ಮಲಗುವ ವರದಿಗಾರ್ತಿ ಸಿನಿಮಾದಲ್ಲಿ ಸವೆದುಹೋದ ನಾಣ್ಯ. 2019ರ 'ರಿಚರ್ಡ್ ಜ್ಯುವೆಲ್' ಅದನ್ನು ನಿಜವಾದ ಹೆಸರಿನ ಮೇಲೇ ಹೊರಿಸಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್ ವೇಳೆ ಬಾಂಬ್ ಇದ್ದ ಚೀಲವನ್ನು ಗುರುತಿಸಿದ ಕಾವಲುಗಾರನನ್ನೇ ಶಂಕಿತ ಅಂತ ಮಾಧ್ಯಮಗಳು ಹರಾಜು ಹಾಕಿದವು. ಆ ಅನ್ಯಾಯದ ಕತೆ ಇದು. ಕತೆ ಹೇಳಲೇಬೇಕಾದದ್ದು. ಆದರೆ ಸುದ್ದಿಯನ್ನು ಮೊದಲು ತಂದ ವರದಿಗಾರ್ತಿ ಕ್ಯಾಥಿ ಸ್ಕ್ರಗ್ಸ್ ಎಫ್‌ಬಿಐ ಏಜೆಂಟನಿಗೆ ಹಾಸಿಗೆಯ ಆಸೆ ತೋರಿಸಿ ಮಾಹಿತಿ ಪಡೆದಳು ಅಂತ ಚಿತ್ರ ತೋರಿಸಿತು. ಅದಕ್ಕೆ ಆಧಾರ ಇಲ್ಲ ಅಂತ ಆಕೆಯ ಪತ್ರಿಕೆ ಪ್ರತಿಭಟಿಸಿತು. ಆಕೆ ತೀರಿಕೊಂಡದ್ದು 2001ರಲ್ಲಿ, ಅಲ್ಲ ಅಂತ ಹೇಳಲು ಬದುಕಿರಲಿಲ್ಲ. ಚಿತ್ರದ ಏಜೆಂಟನಿಗೆ ಮಾತ್ರ ಕಲ್ಪಿತ ಹೆಸರು. ಆಧಾರವಿಲ್ಲದೆ ಒಬ್ಬನ ಮಾನ ಕಳೆದರು ಅಂತ ದೂರುವ ಸಿನಿಮಾ ಅದೇ ಕೆಲಸವನ್ನು ತಾನೂ ಮಾಡಿತು.

ಪತ್ರಕರ್ತನನ್ನು ಮುಖ್ಯ ಪಾತ್ರ ಮಾಡಿದರೆ ಸುದ್ದಿಯಾದವರು ಪಕ್ಕಕ್ಕೆ ಸರಿಯಲೇಬೇಕು. ಕಷ್ಟ ಒಬ್ಬರದು, ಕಣ್ಣೀರಿನ ಕ್ಲೋಸಪ್ ಇನ್ನೊಬ್ಬರದು. 1984ರ 'ದಿ ಕಿಲ್ಲಿಂಗ್ ಫೀಲ್ಡ್ಸ್' ದೊಡ್ಡ ಮನಸ್ಸಿನ ಚಿತ್ರ, ಇಲ್ಲಿಯವರೆಗೆ ಹೇಳಿದ ಯಾವ ಆರೋಪವನ್ನೂ ಅದರ ಮೇಲೆ ಹೊರಿಸಲಾರೆ. ಆದರೂ ನೋಡಿ. ಕಾಂಬೋಡಿಯಾದಿಂದ ಬರೆದ ಅಮೆರಿಕನ್ ವರದಿಗಾರ ಸಿಡ್ನಿ ಶಾನ್‌ಬರ್ಗ್ 1975ರಲ್ಲಿ ದೇಶ ಬಿಟ್ಟು ಸುರಕ್ಷಿತವಾಗಿ ಊರು ಸೇರಿದರು. ಅವರಿಗೆ ದಾರಿ ತೋರಿಸಿದ, ಭಾಷೆ ಬಿಡಿಸಿ ಹೇಳಿದ, ಪ್ರಾಣವನ್ನೂ ಉಳಿಸಿದ ಡಿತ್ ಪ್ರಾನ್ ಅಲ್ಲೇ ಸಿಕ್ಕಿಬಿದ್ದರು. ಆಗ ದೇಶ ಹಿಡಿದ ಕಮ್ಯುನಿಸ್ಟ್ ಪಡೆ ಖಮೇರ್ ರೂಜ್‌ನ ಶಿಬಿರಗಳಲ್ಲಿ ಹಸಿವು, ಹೊಡೆತ ಎಲ್ಲ ಉಂಡು 1979ರಲ್ಲಿ ಗಡಿ ದಾಟಿದರು. ಶಾನ್‌ಬರ್ಗ್ 1976ರಲ್ಲೇ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಪಡೆದಾಗ ಅದನ್ನು ಪ್ರಾನ್ ಪರವಾಗಿಯೂ ಸ್ವೀಕರಿಸಿದ್ದರು. ಅಂದರೆ ಇದು ಯಾರಿಬ್ಬರ ಕೆಲಸ ಅಂತ ಆ ಮನುಷ್ಯನಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಪ್ರಾನ್ ಕೂಡ ಪತ್ರಕರ್ತರೇ, ಮರೆಯಬಾರದು. ಈಗ 'ಫಿಕ್ಸರ್' ಅಂತ ಕರೆದು ಅತ್ತ ಸರಿಸುತ್ತೇವಲ್ಲ, ಆ ಜಾತಿಯ ಪತ್ರಕರ್ತ.

ಚಿತ್ರದಲ್ಲಿ ಪ್ರಾನ್ ಪಾತ್ರ ಮಾಡಿದ ಹೈಂಗ್ ನೋರ್ ನಟರೇ ಅಲ್ಲ, ಡಾಕ್ಟರು. ಅದೇ ಶಿಬಿರಗಳಲ್ಲಿ ಬದುಕುಳಿದು ಬಂದವರು. ಹೆಂಡತಿಯನ್ನು ಅಲ್ಲೇ ಕಳೆದುಕೊಂಡವರು. ಆಸ್ಕರ್ ಸಮಯದಲ್ಲಿ ಶಾನ್‌ಬರ್ಗ್ ಪಾತ್ರಧಾರಿ ಸ್ಯಾಮ್ ವಾಟರ್‌ಸ್ಟನ್ ಹೆಸರು ನಾಯಕ ನಟರ ಪಟ್ಟಿಯಲ್ಲಿತ್ತು. ನೋರ್ ಅವರದು ಪೋಷಕ ನಟರ ಪಟ್ಟಿಯಲ್ಲಿ. ವಾಟರ್‌ಸ್ಟನ್‌ಗೆ ಪ್ರಶಸ್ತಿ ಬರಲಿಲ್ಲ, ನೋರ್‌ಗೆ ಬಂತು. ಪೋಷಕ ನಟ ಅಂತ.