ಡಬ್ಬಿ ಮೇಲೆ ಚೆರ್ರಿ ತೂಕ, ಫೋನಿಗೆ ಸಿಗೋದು ಔಟ್‌ಟರ್ನ್

ಕೊಡಗಿನಲ್ಲಿ ಕಾಫಿ ವಿಷಯದಲ್ಲಿ ಯಾರನ್ನೂ ಸುಲಭವಾಗಿ ಯಾಮಾರಿಸೋಕೆ ಆಗೋದಿಲ್ಲ. 50 ಕೆಜಿ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಚೀಲ ಇಳಿಸಿದರೆ ಸ್ಯಾಂಪಲ್ ತೆಗೀತಾರೆ, ಸಿಪ್ಪೆ ಬಿಡಿಸಿ ಬೀಜ ತೂಗ್ತಾರೆ, ತೇವ ನೋಡ್ತಾರೆ. ಔಟ್‌ಟರ್ನ್, ಅಂದ್ರೆ ಆ 50 ಕೆಜಿಯಲ್ಲಿ ಸಿಗುವ ಬೀಜ, 26 ಕೆಜಿಯೋ 28 ಕೆಜಿಯೋ ಅಂತ ಗೊತ್ತಾದ ಮೇಲೇ ರೇಟಿನ ಮಾತು. ಅದೇ ಜನ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಮೊಬೈಲ್ ಅಂಗಡಿಗೆ ಹೋದರೆ, ‘10000 ಎಂಎಎಚ್, 15 ವ್ಯಾಟ್, ಮ್ಯಾಗ್ನೆಟಿಕ್’ ಅಂತ ಪವರ್ ಬ್ಯಾಂಕಿನ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಕಂಡ ಕೂಡಲೇ ದುಡ್ಡು ಎಣಿಸಿ ಬರ್ತಾರೆ. ಸಿಪ್ಪೆ ಬಿಡಿಸಿ ನೋಡೋದು ಬೇಡವಾ ಮಾರಾಯ್ರೆ? ಅಂಗಡಿಯವರೂ ಹೇಳೋದಿಲ್ಲ, ಡಬ್ಬಿಯೂ ಹೇಳೋದಿಲ್ಲ. ಮಳೆಗಾಲ ಹತ್ತಿರ ಬಂದ ಹಾಗೆ, ಫೋನಿನ ಬೆನ್ನಿಗೆ ಕಚ್ಚಿಕೊಂಡು ಕೇಬಲ್ ಇಲ್ಲದೆ ಚಾರ್ಜ್ ಮಾಡುವ ಈ ಅಯಸ್ಕಾಂತದ ಪವರ್ ಬ್ಯಾಂಕಿನ ವ್ಯಾಪಾರ ಮಾತ್ರ ಜೋರು.

ಮೊದಲು ಎಂಎಎಚ್ (ಮಿಲಿ ಆಂಪಿಯರ್ ಅವರ್) ಅನ್ನೋ ಬುರುಡೆ ತಗೊಳ್ಳಿ. ಒಳಗಿನ ಲಿಥಿಯಂ ಸೆಲ್ಲಿನ ವೋಲ್ಟೇಜ್ ಸುಮಾರು 3.7. 5000 ಎಂಎಎಚ್ ಅಂದ್ರೆ 5 ಆಂಪಿಯರ್ ಅವರ್, 3.7ರಿಂದ ಗುಣಿಸಿದರೆ 18.5 ವ್ಯಾಟ್ ಅವರ್, ಒಳಗಿರುವ ಶಕ್ತಿಯ ನಿಜವಾದ ಲೆಕ್ಕ ಇದು. ಐಫೋನ್ 15ರ ಬ್ಯಾಟರಿ 13 ವ್ಯಾಟ್ ಅವರ್ ಆಸುಪಾಸು. ಕಾಗದದಲ್ಲಿ ನೋಡಿದರೆ ಹತ್ತಿರ ಹತ್ತಿರ ಒಂದೂವರೆ ಸಲ ತುಂಬಬೇಕು. ತುಂಬ್ತದಾ? ಇಲ್ಲ. ಸೆಲ್ಲಿನ ವೋಲ್ಟೇಜ್ ಏರಿಸೋದರಲ್ಲಿ ಸ್ವಲ್ಪ ಹೋಗ್ತದೆ, ಪ್ಯಾಕಿನ ಕಾಯಿಲಿನಿಂದ (ತಂತಿಯ ಸುರುಳಿ) ಫೋನಿನ ಕಾಯಿಲಿಗೆ ದಾಟುವಾಗ ಇನ್ನಷ್ಟು, ಫೋನಿನ ಒಳಗೆ ಅದನ್ನು ಮತ್ತೆ ಬ್ಯಾಟರಿಗೆ ಬೇಕಾದ ಡಿಸಿ ಕರೆಂಟು ಮಾಡುವಾಗ ಇನ್ನೊಂದಿಷ್ಟು. ಹೋದದ್ದೆಲ್ಲ ಬಿಸಿಯಾಗಿ ನಿಮ್ಮ ಕೈ ಸುಡ್ತದೆ. ಹತ್ತರಲ್ಲಿ ಐದೂವರೆ, ಆರು ಪಾಲು ಬ್ಯಾಟರಿಗೆ ಸೇರಿದರೆ ದೊಡ್ಡದು. ನೋಡಿ, ಚೆರ್ರಿ ಔಟ್‌ಟರ್ನ್ ಲೆಕ್ಕಕ್ಕೇ ಬಂತು! 18.5ರಲ್ಲಿ 10, 11 ತಲುಪ್ತದೆ, ಅಂದ್ರೆ ಸೊನ್ನೆಯಿಂದ ಶುರು ಮಾಡಿದ ಫೋನು 80ರ ಹತ್ತಿರ ಏದುಸಿರು ಬಿಡ್ತದೆ. 10000ದ್ದು 37 ವ್ಯಾಟ್ ಅವರ್, ಕಾಯಿಲ್ ಮೇಲೆ ಒಂದೂವರೆ ಸಲಕ್ಕಿಂತ ಸ್ವಲ್ಪ ಜಾಸ್ತಿ. ಅದೇ ಪ್ಯಾಕಿಗೆ ಕೇಬಲ್ ಚುಚ್ಚಿ ಕೊಟ್ಟರೆ ಎರಡು ಸಲ ದಾಟ್ತದೆ. ಒಂದೇ ಡಬ್ಬಿ, ಎರಡು ಇಳುವರಿ.

ಆದ್ದರಿಂದ ಎಂಎಎಚ್ ನೋಡಬೇಡಿ, ಹಿಂಬದಿಯಲ್ಲಿ ಸಾಸಿವೆ ಅಕ್ಷರದಲ್ಲಿ ಇರುವ ವ್ಯಾಟ್ ಅವರ್ ಹುಡುಕಿ. ಆಪಲ್ 2021ರಲ್ಲಿ ಬಿಟ್ಟ ಮ್ಯಾಗ್‌ಸೇಫ್ (ಅಯಸ್ಕಾಂತದ ಚಾರ್ಜಿಂಗಿಗೆ ಆಪಲ್ ಇಟ್ಟ ಹೆಸರು) ಬ್ಯಾಟರಿ ಪ್ಯಾಕ್ ಬರೀ 1460 ಎಂಎಎಚ್ ಅಂತ ಕೇಳಿ ನಕ್ಕವರು ಬಹಳ. ಆದರೆ ಅದರ ವೋಲ್ಟೇಜ್ 7.62, ಅಂದ್ರೆ 11.13 ವ್ಯಾಟ್ ಅವರ್. 3.7 ವೋಲ್ಟಿನ ಲೆಕ್ಕಕ್ಕೆ ತಂದರೆ 3000 ಎಂಎಎಚ್ ಆಯಿತು. ವೋಲ್ಟೇಜ್ ಹೇಳದೆ ಎಂಎಎಚ್ ಹೇಳೋದು, ತೇವ ಹೇಳದೆ ಕರಿಮೆಣಸಿನ ತೂಕ ಹೇಳಿದ ಹಾಗೆ. ಕೆಲವು ಪ್ಯಾಕಿನಲ್ಲಿ ‘ರೇಟೆಡ್ ಕೆಪಾಸಿಟಿ’ ಅಂತ ಇನ್ನೊಂದು ಅಂಕಿ ಇರ್ತದೆ, 10000ದ ಪಕ್ಕದಲ್ಲಿ 6000 ಚಿಲ್ಲರೆ. ಅದನ್ನು ಬರೆದವನು ಕೊಂಚ ಮರ್ಯಾದಸ್ಥ. ಅದೂ ಕೇಬಲಿನ ಲೆಕ್ಕ ಅನ್ನೋದು ನೆನಪಿರಲಿ.

ಸುಳ್ಳು ಅಂಕಿ ಹಿಡಿಯೋಕೆ ಯಂತ್ರ ಬೇಡ, ತಕ್ಕಡಿ ಸಾಕು. 37 ವ್ಯಾಟ್ ಅವರಿನ ಸೆಲ್ಲೇ 150ರಿಂದ 185 ಗ್ರಾಂ ತೂಗ್ತದೆ. ಮೇಲೆ ಕಾಯಿಲ್, ಅಯಸ್ಕಾಂತ, ಬೋರ್ಡು, ಪ್ಲಾಸ್ಟಿಕ್ ಸೇರಿದರೆ 200 ಗ್ರಾಂ ಆಸುಪಾಸು ಬರಲೇಬೇಕು. 10000 ಅಂತ ಬರೆದ ಪ್ಯಾಕು 110 ಗ್ರಾಂ ತೂಗಿದರೆ ಒಳಗೆ ಅರ್ಧವೂ ಇಲ್ಲ. ಪಕ್ಕದ ದಿನಸಿ ಅಂಗಡಿಯ ಡಿಜಿಟಲ್ ತಕ್ಕಡಿಯ ಮೇಲೆ ಇಟ್ಟು ನೋಡೋಕೆ ನಾಚಿಕೆ ಎಂಥದ್ದು? ಒಂದು ಲೀಟರ್ ಕರಿಮೆಣಸು ಎಷ್ಟು ತೂಗ್ತದೆ ಅಂತ ನೋಡುವಾಗ ನಾಚಿಕೆ ಇಲ್ಲವಲ್ಲ.

ಇನ್ನು ಎಲ್ಲಕ್ಕಿಂತ ಹೊಟ್ಟೆ ಉರಿಸುವ ವಿಷಯ. ಫೋನಿನ ಬೆನ್ನಿನ ಒಳಗೆ ವೈರ್‌ಲೆಸ್ ಚಾರ್ಜಿಂಗಿನ ಕಾಯಿಲ್ ಇಲ್ಲದಿದ್ದರೆ ಈ ಪ್ಯಾಕು ಬರೀ ಭಾರ, ಇನ್ನೇನೂ ಅಲ್ಲ. 10, 15, 20 ಸಾವಿರದ ಆಂಡ್ರಾಯ್ಡ್ ಫೋನುಗಳಲ್ಲಿ ಹೆಚ್ಚಿನವಕ್ಕೆ ಆ ಕಾಯಿಲೇ ಇಲ್ಲ. ಅಂಥ ಫೋನಿಗೆ ‘ಇದೊಂದು ರಿಂಗ್ ಅಂಟಿಸಿದರೆ ಆಯಿತು’ ಅಂತ ಕಬ್ಬಿಣದ ಬಳೆ ಅಂಟಿಸಿ, ಮೇಲೆ ಪ್ಯಾಕು ಕಚ್ಚಿಸಿ ಕಳಿಸ್ತಾರೆ. ಕಚ್ಚಿಕೊಳ್ಳೋದೇನೋ ಕಚ್ಚಿಕೊಳ್ತದೆ. ಗೋದ್ರೆಜ್ ಬೀರುವಿಗೂ ಕಚ್ಚಿಕೊಳ್ತದೆ, ಬೀರು ಚಾರ್ಜ್ ಆಗ್ತದಾ? ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆ) ಹುಡುಗ ಒಂದು ವಾರದ ಕೂಲಿ ಕೊಟ್ಟು ತಗೊಂಡು ಹೋದ ಮೇಲೆ, ‘ನಿಮ್ಮ ಫೋನಿಗೆ ಸಪೋರ್ಟ್ ಇಲ್ಲ, ಬಿಚ್ಚಿದ ಡಬ್ಬಿ ವಾಪಸ್ ತಗೊಳ್ಳೋದಿಲ್ಲ’ ಅನ್ನೋರಿಗೆ ಎಂಥ ಹೇಳೋದು? ಬಿಲ್ ಮಾಡುವ ಮೊದಲು ಎರಡು ನಿಮಿಷ ತಗೊಂಡು ಕವರ್ ತೆಗೆದ ಫೋನಿನ ಮೇಲೆ ಪ್ಯಾಕ್ ಇಟ್ಟು, ಪರದೆಯಲ್ಲಿ ಚಾರ್ಜಿಂಗ್ ಗುರುತು ಬರ್ತದಾ ನೋಡಿದರೆ ಮುಗೀತು. ಆ ಎರಡು ನಿಮಿಷ ಯಾರಿಗೂ ಇಲ್ಲ.

ಕಾಯಿಲ್ ಇದ್ದರೂ ಅಯಸ್ಕಾಂತ ಇರಲೇಬೇಕು ಅಂತಿಲ್ಲ. ಐಫೋನಿನಲ್ಲಿ 12ನೇ ಸರಣಿಯಿಂದ, ಅಂದ್ರೆ 2020ರಿಂದ ಒಳಗೇ ಅಯಸ್ಕಾಂತದ ಬಳೆ ಉಂಟು. 11ರಲ್ಲಿ ಕಾಯಿಲ್ ಉಂಟು, ಬಳೆ ಇಲ್ಲ. 2025ರಲ್ಲಿ ಬಂದ 16ಇ ಫೋನಿನಲ್ಲೂ ಬಳೆ ಇಲ್ಲ, ‘16 ಅಲ್ವಾ, ಇದ್ದೇ ಇರ್ತದೆ’ ಅಂತ ಕಣ್ಣು ಮುಚ್ಚಿ ತಗೊಂಡವರು ಪೆಚ್ಚಾಗೋದು ಇಲ್ಲೇ. ಸ್ಯಾಮ್‌ಸಂಗ್ ಎಸ್25ರಲ್ಲಿ ಕಾಯಿಲ್ ಮಾತ್ರ, ಬಳೆ ಇರುವ ಕವರನ್ನು ಬೇರೆ ದುಡ್ಡು ಕೊಟ್ಟು ತಗೊಳ್ಳಬೇಕು. ಪಿಕ್ಸೆಲ್ 10ರಲ್ಲಿ ಒಳಗೇ ಇಟ್ಟಿದ್ದಾರೆ. ಕಾಯಿಲ್ ಇದ್ದು ಬಳೆ ಇಲ್ಲದ ಫೋನಿಗೆ ರಿಂಗ್ ಅಂಟಿಸೋದಾದರೆ ಅಂದಾಜಿನಲ್ಲಿ ಅಂಟಿಸಬೇಡಿ. ಕಾಯಿಲಿನ ನಡು ಎಲ್ಲಿದೆ ನೋಡಿ ಅಂಟಿಸಿ. ನಾಲ್ಕೈದು ಮಿಲಿಮೀಟರ್ ಆಚೀಚೆ ಆದರೂ ಚಾರ್ಜ್ ಕಡಿಮೆ, ಬಿಸಿ ಜಾಸ್ತಿ.

ವ್ಯಾಟ್ ಕಥೆ ಇನ್ನೊಂದು. ಡಬ್ಬಿಯ 15 ವ್ಯಾಟ್ ಅನ್ನೋದು ಪ್ಯಾಕಿನ ತಾಕತ್ತು, ನಿಮ್ಮ ಫೋನು ಅಷ್ಟು ತಗೊಳ್ಳಬೇಕಲ್ಲ? ಹಳೇ ಮಾದರಿಯ ವೈರ್‌ಲೆಸ್ ಪ್ಯಾಕಿನಿಂದ ಐಫೋನ್ 7.5 ವ್ಯಾಟಿಗಿಂತ ಹೆಚ್ಚು ತಗೊಳ್ಳೋದೇ ಇಲ್ಲ. ‘ಮ್ಯಾಗ್‌ಸೇಫ್ ಕಂಪ್ಯಾಟಿಬಲ್’ ಅಂತ ಬರೆದರೆ ಅಯಸ್ಕಾಂತ ಹೊಂದ್ತದೆ ಅಂತ ಅಷ್ಟೇ ಅರ್ಥ, ವೇಗ ಹೊಂದ್ತದೆ ಅಂತಲ್ಲ. ನಿಜವಾಗಿ 15 ಬೇಕಿದ್ದರೆ ವೈರ್‌ಲೆಸ್ ಚಾರ್ಜಿಂಗಿನ ಹೊಸ ಪದ್ಧತಿಯಾದ ಚೀ2ರ ಗುರುತು ಹುಡುಕಿ. ಡಬ್ಬಿ ಮೇಲೆ ಕ್ಯೂ, ಐ ಅಂತ ಎರಡಕ್ಷರ ಮತ್ತು 2 ಇರ್ತದೆ, ಓದೋದು ‘ಚೀ’. ಅದಿಲ್ಲದ ಡಬ್ಬಿ ನೋಡಿದಾಗ ಬಾಯಿಗೆ ಬರೋದು ‘ಛೀ’, ಹೆಚ್ಚು ವ್ಯತ್ಯಾಸ ಇಲ್ಲ. 2023ರಲ್ಲಿ ಬಂದ ಈ ಪದ್ಧತಿಯಲ್ಲಿ ಅಯಸ್ಕಾಂತದ ಬಳೆ ಒಳಗೊಂಡೇ 15 ವ್ಯಾಟ್, ಐಫೋನ್ 12ರಿಂದ ಈಚಿನ ಬಳೆ ಇರುವ ಫೋನಿಗೆ ಸಿಗ್ತದೆ. ಈಗ 25 ವ್ಯಾಟಿನದ್ದೂ ಬಂದಿದೆ. ಸಣ್ಣ ಪ್ಯಾಕು ಅಷ್ಟು ಹೊತ್ತು ಆ ವೇಗ ಎಳೆಯೋದು ಕಷ್ಟ. ಫೋನು ಬಿಸಿಯಾದ ಕೂಡಲೇ ತಾನೇ ವೇಗ ಇಳಿಸ್ತದೆ, ಇನ್ನೂ ಬಿಸಿಯಾದರೆ ಐಫೋನ್ 80ಕ್ಕೆ ನಿಲ್ಲಿಸಿ ಕೂರ್ತದೆ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಮಾರ್ಚ್ ಬಿಸಿಲಿನಲ್ಲಿ ಮ್ಯಾಪ್ ಹಾಕಿಕೊಂಡು ಚಾರ್ಜಿಗೆ ಇಟ್ಟರೆ ಶೇಕಡಾವಾರು ಏರೋದಕ್ಕಿಂತ ಇಳಿಯೋದೇ ಕಾಣ್ತದೆ.

ಈಗ ಅಸಲು ಪ್ರಶ್ನೆ. ಕೊಡಗಿಗೆ ಇದು ಬೇಕಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಗೆ ಮರ ಲೈನಿನ ಮೇಲೆ ಬೀಳ್ತದೆ, ಕಂಬ ಬೀಳ್ತದೆ, ಬಿರುನಾಣಿ, ಭಾಗಮಂಡಲ, ಶಾಂತಳ್ಳಿ ಕಡೆ ದಿನಗಟ್ಟಲೆ ಕರೆಂಟಿಲ್ಲ. ಟವರಿನ ಡೀಸೆಲ್ಲೂ ಬ್ಯಾಟರಿಯೂ ಮುಗಿದರೆ ಸಿಗ್ನಲ್ಲೂ ಹೋಯಿತು, ಫೋನು ಟವರ್ ಹುಡುಕಿ ಹುಡುಕಿಯೇ ಬ್ಯಾಟರಿ ತಿನ್ನುತ್ತದೆ. (ಸಿಗ್ನಲ್ ಇಲ್ಲದ ಹೊತ್ತು ಏರೋಪ್ಲೇನ್ ಮೋಡ್ ಹಾಕಿ, ಇದಕ್ಕೆ ಕಾಸು ಬೇಡ.) ಅಂಥ ಕಡೆ ಹತ್ತರಲ್ಲಿ ನಾಲ್ಕು ಪಾಲು ಗಾಳಿಗೆ ಬಿಡುವ ಪ್ಯಾಕು ಯಾಕೆ? ಅಯಸ್ಕಾಂತದ 10000ಕ್ಕೆ ಕೊಡುವ ದುಡ್ಡಿನಲ್ಲಿ ಕೇಬಲಿನ 20000 ಬರ್ತದೆ, 74 ವ್ಯಾಟ್ ಅವರ್, ಫೋನು ನಾಲ್ಕೂವರೆ ಸಲ ತುಂಬ್ತದೆ. ವಿಮಾನದಲ್ಲೂ ಕೈಚೀಲದಲ್ಲಿ ಒಯ್ಯಬಹುದು, ಮಿತಿ 100 ವ್ಯಾಟ್ ಅವರ್. ಕಣ್ಣೂರಿಗೋ ಮಂಗಳೂರಿಗೋ ಹೋಗಿ ವಿಮಾನ ಹತ್ತುವವರು ದೊಡ್ಡ ಪೆಟ್ಟಿಗೆಯೊಳಗೆ ಹಾಕದಿದ್ದರೆ ಸಾಕು.

ಡಬ್ಬಿ ದಪ್ಪಕ್ಷರದಲ್ಲಿ ಹೇಳದ, ಆದರೆ ನಮಗೆ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಇನ್‌ಪುಟ್. ಪ್ಯಾಕು ತಾನು ಎಷ್ಟು ಬೇಗ ತುಂಬ್ತದೆ? ಸಂಜೆ ಎರಡೂವರೆ ಗಂಟೆ ಕರೆಂಟು ಬಂದು ಹೋದರೆ ಅಷ್ಟರಲ್ಲಿ ತುಂಬಬೇಕು. ಇನ್‌ಪುಟ್ 5 ವೋಲ್ಟ್ 2 ಆಂಪ್ ಅಂತ ಇದ್ದರೆ ಬರೀ 10 ವ್ಯಾಟ್, 10000ದ್ದು ತುಂಬೋಕೆ ನಾಲ್ಕೂವರೆ ಗಂಟೆ ಮೇಲೆ. 9 ವೋಲ್ಟ್ 2.2 ಆಂಪ್ ಅಂತ ಇದ್ದರೆ 20 ವ್ಯಾಟ್ ಆಗ್ತದೆ, ಸರಿಯಾದ ಪಿಡಿ (ಪವರ್ ಡೆಲಿವರಿ, ಟೈಪ್ ಸಿಯ ವೇಗದ ಚಾರ್ಜಿಂಗ್) ಚಾರ್ಜರ್ ಇದ್ದರೆ ಎರಡೂವರೆ ಗಂಟೆ ಚಿಲ್ಲರೆಯಲ್ಲಿ ಕೆಲಸ ಮುಗೀತದೆ. ಇದನ್ನು ನೋಡದೆ ತಗೊಂಡವನು ಅರ್ಧ ತುಂಬಿದ ಪ್ಯಾಕು ಹಿಡಿದು ಮೊಂಬತ್ತಿ ಹಚ್ಚಬೇಕಾಗ್ತದೆ.

ಇನ್ನೊಂದು ಕಳ್ಳತನ ಕೇಳಿ. ಅಗ್ಗದ ಪ್ಯಾಕಿನಲ್ಲಿ ಟೈಪ್ ಸಿ ತೂತು ಇರ್ತದೆ, ಆದರೆ ಎರಡೂ ಬದಿ ಸಿ ಇರುವ ಕೇಬಲ್ ಹಾಕಿದರೆ ಸತ್ತ ಹಾಗೆ ಬಿದ್ದಿರ್ತದೆ. ಹಳೇ ಚೌಕ ಯುಎಸ್‌ಬಿಯ ಕೇಬಲಿನಲ್ಲಿ ಮಾತ್ರ ತುಂಬ್ತದೆ. ಕಾರಣ, ಒಳಗೆ ಇರಬೇಕಾದ 5.1 ಕಿಲೋ ಓಮಿನ ಎರಡು ರೆಸಿಸ್ಟರ್ ಹಾಕಿಲ್ಲ. ಅವು ಇಲ್ಲದಿದ್ದರೆ ಸಿ ಚಾರ್ಜರಿಗೆ ಆಚೆ ಕಡೆ ಯಾರೋ ಇದ್ದಾರೆ ಅಂತಲೇ ಗೊತ್ತಾಗೋದಿಲ್ಲ. ಪೈಸೆ ಲೆಕ್ಕದ ಎರಡು ಬಿಡಿಭಾಗ ಉಳಿಸಿ, ‘ಹೊಸ ಟೈಪ್ ಸಿ ಮಾಡೆಲ್’ ಅಂತ ಮಾರ್ತಾರೆ.

ಸರಿ, ಒಂದು ಕಡೆ ಮಾತ್ರ ಈ ಸಾಮಾನಿಗೆ ಮರ್ಯಾದೆ ಕೊಡಲೇಬೇಕು. ನಮ್ಮ ಮಳೆಯಲ್ಲಿ ಚಾರ್ಜಿಂಗ್ ಪಿನ್ ಒದ್ದೆಯಾದರೆ ಫೋನು ‘ನೀರು ಸೇರಿದೆ’ ಅಂತ ಹೇಳಿ ಕೇಬಲನ್ನು ಮುಟ್ಟೋದೇ ಇಲ್ಲ. ಆ ಹವೆಯಲ್ಲಿ ಪಿನ್ ಒಣಗೋಕೆ ಗಂಟೆಗಟ್ಟಲೆ ಬೇಕು. ಆಗ ಬೆನ್ನು ಒರೆಸಿ ಅಯಸ್ಕಾಂತದ ಪ್ಯಾಕು ಅಂಟಿಸಿದರೆ ಚಾರ್ಜ್ ಆಗ್ತದೆ. ಅದಕ್ಕೆ ಅಂತ 5000ದ್ದು ಒಂದು ಇಟ್ಟುಕೊಂಡರೆ ತಪ್ಪಿಲ್ಲ. ಆದರೆ ಫೋನಿಗೆ ನೀರು ತಡೆಯುವ ಶಕ್ತಿ ಇದ್ದರೂ ಪ್ಯಾಕಿಗೆ ಸಾಮಾನ್ಯವಾಗಿ ಇಲ್ಲ. ನೆಂದ ಪ್ಯಾಕನ್ನು ಬಟ್ಟೆ ಒಣಗಿಸುವ ಹಾಗೆ ಒಲೆಯ ಹತ್ತಿರ ಇಡುವ ಮಹಾನುಭಾವರಿದ್ದಾರೆ, ದಯವಿಟ್ಟು ಬೇಡ.

ಅಯಸ್ಕಾಂತದ ಹಿಡಿತದ ವಿಷಯಕ್ಕೂ ಬರೋಣ. ಅಂಗಡಿಯವರು ಫೋನನ್ನು ಮೇಲೆತ್ತಿ ಪ್ಯಾಕು ನೇತಾಡಿಸಿ ತೋರಿಸ್ತಾರೆ, ಅದು ನೇರ ಎಳೆತ. ತೋಟದ ರಸ್ತೆಯಲ್ಲಿ ಬೀಳಿಸೋದು ನೇರ ಎಳೆತ ಅಲ್ಲ, ಅಡ್ಡ ಜಾರೋದು. ನುಣುಪು ಪ್ಲಾಸ್ಟಿಕ್ ಬೆನ್ನಿನ ಪ್ಯಾಕು ಅಡ್ಡ ತಳ್ಳಿದರೆ ಬೆಣ್ಣೆ ಹಾಗೆ ಜಾರ್ತದೆ. ಹೆಬ್ಬೆರಳಿನಿಂದ ಪಕ್ಕಕ್ಕೆ ದೂಡಿ ನೋಡಿ, ಮುಟ್ಟುವ ಮೈಗೆ ಸಿಲಿಕೋನ್ ಹಾಕಿದ್ದು ಮೇಲು. ನಿಮ್ಮ ಕವರ್ ಹಾಕಿಯೇ ನೋಡಿ, ಬಳೆ ಇಲ್ಲದ ದಪ್ಪ ರಬ್ಬರ್ ಕವರಿನ ಮೇಲೆ ಹಿಡಿತ ಅರ್ಧಕ್ಕಿಂತ ಕಡಿಮೆ. ಕಾರ್ ಸ್ಟ್ಯಾಂಡಿಗೆ ಅಂತ ಬೆನ್ನಿಗೆ ಕಬ್ಬಿಣದ ತಗಡು ಅಂಟಿಸಿದ್ದರೆ ಅದನ್ನು ಕಿತ್ತು ಹಾಕಿ, ಅದು ಕಾಯಿಲಿಗೆ ಅಡ್ಡ ನಿಂತು ಬರೀ ಬಿಸಿ ಮಾಡ್ತದೆ. ನಡುವೆ ಎಟಿಎಂ ಕಾರ್ಡೂ ಬೇಡ. ತಡಿಯಂಡಮೋಳ್ ಹತ್ತುವಾಗ ಫೋನಿನ ದಿಕ್ಸೂಚಿ ನಂಬುವವರು ಪ್ಯಾಕು ತೆಗೆದು ನೋಡಿ, ಅಯಸ್ಕಾಂತ ಇದ್ದರೆ ಉತ್ತರ ಎಲ್ಲೋ ತಿರುಗ್ತದೆ. ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಈ ಫೋನೂ ಪ್ಯಾಕೂ ಎದೆಯಿಂದ 15 ಸೆಂಟಿಮೀಟರ್ ದೂರ, ಚಾರ್ಜ್ ಆಗುವಾಗ 30 ಸೆಂಟಿಮೀಟರ್ ದೂರ ಇರಲಿ ಅಂತ ಆಪಲ್ಲೇ ಹೇಳ್ತದೆ. ಅಂಗಿ ಜೇಬು ಅಂದ್ರೆ ಎದೆಯ ಮೇಲೇ ಆಯಿತು. ಇದನ್ನು ಯಾವ ಅಂಗಡಿಯಲ್ಲಾದರೂ ಹೇಳಿದ್ದುಂಟಾ?

ಸುರಕ್ಷತೆಗೆ ಬಂದರೆ, ಭಾರತದಲ್ಲಿ ಮಾರುವ ಪವರ್ ಬ್ಯಾಂಕಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಮೈಮೇಲೆ ‘ಆರ್’ ಅಕ್ಷರ, ಪಕ್ಕದಲ್ಲಿ ಎಂಟು ಅಂಕಿ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹೊಡೆದರೆ ಯಾವ ಕಂಪನಿ, ಯಾವ ಸಾಮಾನು ಅಂತ ಬರ್ತದೆ. ಡಬ್ಬಿಯಲ್ಲಿ ಒಂದು ಹೆಸರು, ಆ್ಯಪಿನಲ್ಲಿ ಇನ್ನೊಂದೇ ವಸ್ತು ಬಂದರೆ ಅಲ್ಲೇ ಇಟ್ಟು ಬನ್ನಿ. ದೊಡ್ಡ ಹೆಸರಿನದ್ದಾದರೂ ಮಾಡೆಲ್ ನಂಬರ್ ಬರೆದಿಟ್ಟುಕೊಳ್ಳಿ. 2025ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಕೇಸ್ಲಿ ಕಂಪನಿಯ 5000 ಎಂಎಎಚ್‌ನ ಅಯಸ್ಕಾಂತದ ಪ್ಯಾಕುಗಳನ್ನೇ ಸುಮಾರು 4 ಲಕ್ಷದ 29 ಸಾವಿರದಷ್ಟು ವಾಪಸ್ ಕರೆಸಿದರು, ಬಿಸಿಯಾಗಿ ಉಬ್ಬಿ ಬೆಂಕಿ ಹತ್ತುತ್ತದೆ ಅಂತ. ಅದೇ ವರ್ಷ ಜೂನ್‌ನಲ್ಲಿ ಆಂಕರ್ ಕಂಪನಿ ಕೂಡ ತನ್ನ ಒಂದು 10000ದ ಮಾದರಿಯನ್ನು ಅಲ್ಲಿ 11 ಲಕ್ಷಕ್ಕೂ ಮೇಲೆ ಹಿಂದಕ್ಕೆ ತಗೊಂಡಿತು.

ಮಳೆಗಾಲ ಮುಗಿದ ಮೇಲೆ ಪ್ಯಾಕನ್ನು ಪೂರ್ತಿ ಖಾಲಿ ಮಾಡಿ ಡ್ರಾಯರಿಗೆ ಎಸೆದು, ಮುಂದಿನ ಜೂನ್‌ನಲ್ಲಿ ತೆಗೆದು ‘ಹಾಳು ಮಾಲು’ ಅಂತ ಬೈಯೋದಾದರೆ ಆ ಬೈಗುಳ ನಮಗೇ ಸೇರ್ತದೆ. ಅರ್ಧ ತುಂಬಿ ಇಡಬೇಕು, ಮೂರು ತಿಂಗಳಿಗೊಮ್ಮೆ ತೆಗೆದು ಮತ್ತೆ ಅರ್ಧಕ್ಕೆ ತರಬೇಕು. ಮೇಜಿನ ಮೇಲೆ ಇಟ್ಟಾಗ ತೊಟ್ಟಿಲ ಹಾಗೆ ತೂಗಿದರೆ ಸೆಲ್ ಉಬ್ಬಿದೆ ಅಂತ ಅರ್ಥ. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಇನ್ನೊಂದು ಸಲ ಚಾರ್ಜಿಗೆ ಹಾಕಬೇಡಿ, ತೋಟದ ಗೊಬ್ಬರದ ಗುಂಡಿಗೂ ಎಸೆಯಬೇಡಿ. ಮರದ ಕಪಾಟಿನಿಂದ ತೆಗೆದು ಸಿಮೆಂಟ್ ನೆಲದ ಮೇಲೆ, ಉರಿಯುವ ವಸ್ತು ಇಲ್ಲದ ಕಡೆ ಇಟ್ಟು, ಇ-ತ್ಯಾಜ್ಯ ತಗೊಳ್ಳುವ ಕಡೆಗೆ ಒಪ್ಪಿಸಿ.